ಈಜು ಬಾರದವರ ಕಡಲು

ಮುರುಡೇಶ್ವರ,
ಜನವರಿ ಕೊನೆಯ ವಾರ

ಪ್ರೀತಿಯ ಅಕ್ಕ,

ನಿನ್ನೆ ಫೋನಿನಲ್ಲಿ ನಾನು ಸಮುದ್ರದೊಳಗೆ ಇಳಿದು ಬಂದೆ ಅಂದ ಕೂಡಲೇ ನೀನು ಗಾಬರಿಯಾಗಿ ಬೈದುಬಿಟ್ಟೆ. ಈಜೇ ಬಾರದವಳಿಗೆ ಇದೆಲ್ಲ ಯಾಕೆ ಅಂತ ಕೇಳಿದೆ. ಆ ಪ್ರಶ್ನೆಗೆ ಫೋನಿನಲ್ಲಿ ಉತ್ತರ ಹೇಳಲು ಆಗಲಿಲ್ಲ, ಅದಕ್ಕೇ ಈ ಕಾಗದ. ಓದಿ ಮುಗಿಸುವಷ್ಟರಲ್ಲಿ ನೀನೂ ಬರುತ್ತೇನೆ ಅನ್ನಬೇಕು, ಅದು ನನ್ನ ಆಸೆ.

ನಮ್ಮ ಕುಣಿಗಲ್ಲಿನಲ್ಲೇ ಪಂಚಗಂಗಾ ರೈಲು ಹತ್ತಿದೆವು. 2017ರಲ್ಲಿ ಹಾಸನದ ಹೊಸ ಮಾರ್ಗ ಶುರುವಾದ ಮೇಲೆ ಕರಾವಳಿ ನಮಗೆ ಒಂದು ರಾತ್ರಿಯ ದಾರಿಯಾಗಿದೆ. ಸಕಲೇಶಪುರ ಬಂದಾಗ ನಾನಿನ್ನೂ ಎಚ್ಚರವಾಗೇ ಇದ್ದೆ. ಅದು ಹೇಮಾವತಿಯ ದಡದ ಊರು. ಅಲ್ಲಿಂದಾಚೆ ಘಟ್ಟದಲ್ಲಿ ಬಿದ್ದ ಮಳೆಯೆಲ್ಲ ಕುಮಾರಧಾರೆ, ನೇತ್ರಾವತಿ ಸೇರಿ ಪಡುವಣ ಕಡಲಿಗೆ ಓಡುತ್ತದೆ. ಹೇಮಾವತಿ ಮಾತ್ರ ಮೂಡಣಕ್ಕೆ ತಿರುಗಿ, ಗೊರೂರಿನಲ್ಲಿ ನಿಂತು, ನಾಲೆ ಹಿಡಿದು ನಮ್ಮ ಕಡೆ ಬರುತ್ತಾಳೆ. ನಿಮ್ಮ ಗುಬ್ಬಿ ಕಡೆಯ ಕೆರೆಗಳು ತುಂಬುವುದೂ ಅವಳಿಂದ, ಅಮ್ಮನ ಮನೆಯ ನಲ್ಲಿಗೆ ಬುಗುಡನಹಳ್ಳಿ ಕೆರೆಯಿಂದ ಬರುವುದೂ ಅವಳೇ. ನಾಲೆಗೆ ನೀರು ಬಿಟ್ಟರಂತೆ ಎಂದರೆ ಹಬ್ಬ ಬಂದಷ್ಟು ಸಂತೋಷಪಡುವ ತುಮಕೂರು ಜಿಲ್ಲೆಯವರು ನಾವು.

ಆದರೂ ಅಕ್ಕ, ನಮ್ಮ ಕಡೆ ನೀರಿನ ವಿಷಯಕ್ಕೆ ಇರುವುದು ಎರಡೇ ಮಾತು. ಒಂದು, ನೀರಿಲ್ಲ. ಇನ್ನೊಂದು, ನೀರಿನ ಹತ್ತಿರ ಹೋಗಬೇಡ. ಬೇಸಿಗೆ ರಜೆ ಬಂತೆಂದರೆ ಕೆರೆಯಲ್ಲೋ ಕೃಷಿಹೊಂಡದಲ್ಲೋ ಈಜಲು ಹೋದ ಹುಡುಗರ ಸುದ್ದಿ ಪೇಪರಿನಲ್ಲಿ ಬಂದೇ ಬರುತ್ತದೆ. ದೊಡ್ಡವರ ಹೆದರಿಕೆ ಸುಳ್ಳಲ್ಲ. ಆದರೆ ಆ ಹೆದರಿಕೆಯಲ್ಲೂ ನಮಗೊಂದು ಲೆಕ್ಕ, ಹುಡುಗರಿಗೊಂದು ಲೆಕ್ಕ ಇತ್ತು. ಬೆನ್ನಿಗೆ ಬೆಂಡು ಕಟ್ಟಿಕೊಂಡು ತೋಟದ ಬಾವಿಗೆ ಧುಮುಕಿ ಅವರು ಈಜು ಕಲಿತರು. ನೀನು, ನಾನು ಮೆಟ್ಟಿಲ ಮೇಲೆ ಅವರ ಬಟ್ಟೆ ಕಾಯುತ್ತ ಕೂತೆವು. ಐವತ್ತು ದಾಟಿದ ನಿನಗೂ ಐವತ್ತರ ಹತ್ತಿರ ಬಂದ ನನಗೂ ಇನ್ನು ಆ ಬಾಗಿಲು ಮುಚ್ಚಿತು ಅಂತಲೇ ತಿಳಿದಿದ್ದೆ. ಇಲ್ಲ, ಮುಚ್ಚಿಲ್ಲ.

ನಾವು ಹೋದದ್ದು ನೇತ್ರಾಣಿಗೆ. ಭಟ್ಕಳ ತಾಲೂಕಿಗೆ ಸೇರಿದ ದ್ವೀಪ. ಮುರುಡೇಶ್ವರದ ದಡದಿಂದ ಸುಮಾರು 19 ಕಿಲೋಮೀಟರ್ ದೂರ, ದೋಣಿಯಲ್ಲಿ ಒಂದೂವರೆ ಗಂಟೆಯ ಹಾದಿ. ಮೇಲಿನಿಂದ ತೆಗೆದ ಚಿತ್ರಗಳಲ್ಲಿ ಹೃದಯದ ಆಕಾರ ಕಾಣುತ್ತದೆ. ಪುನೀತ್ ಅವರ ‘ಗಂಧದ ಗುಡಿ’ ನಾವೆಲ್ಲ ಒಟ್ಟಿಗೆ ಕೂತು ನೋಡಿದ್ದು ನೆನಪಿದೆಯಾ, 2022ರಲ್ಲಿ? ಅದರಲ್ಲಿ ಅವರು ನೀರಿಗೆ ಇಳಿಯುವುದು ಇಲ್ಲೇ. ಆಗ ನೀನು ಕಣ್ಣೊರೆಸಿಕೊಂಡಿದ್ದೆ. ನನ್ನ ಮಗನಿಗೆ ಈ ಹುಚ್ಚು ಹತ್ತಿದ್ದು ಅವತ್ತೇ.

ಬೆಳಿಗ್ಗೆ ದೋಣಿ ಹೊರಟಾಗ ಮುರುಡೇಶ್ವರದ 20 ಅಂತಸ್ತಿನ ಗೋಪುರವೂ 123 ಅಡಿಯ ಶಿವನೂ ಬಹಳ ಹೊತ್ತು ಹಿಂದೆ ಕಾಣುತ್ತಲೇ ಇದ್ದರು. ಹೊಟ್ಟೆ ತೊಳಸುವವರಿಗೆ ಈ ಒಂದೂವರೆ ಗಂಟೆಯೇ ಕಷ್ಟ. ಎರಡು ಇಡ್ಲಿಗಿಂತ ಹೆಚ್ಚು ತಿನ್ನಬಾರದು, ಮೊಬೈಲ್ ನೋಡಬಾರದು, ಡೀಸೆಲ್ ಹೊಗೆ ಬಾರದ ಕಡೆ ಕೂತು ದೂರದ ದಿಗಂತವನ್ನೇ ನೋಡುತ್ತಿರಬೇಕು. ದ್ವೀಪ ಹತ್ತಿರವಾದಂತೆ ಕಡಿದಾದ ಬಂಡೆಗಳು, ಮೇಲೆ ಒತ್ತಾದ ಕಾಡು, ಕೆಳಗೆ ಗುಹೆಗಳು ಕಂಡವು. ಗುಹೆಗಳಲ್ಲಿ ಬಾನಾಡಿ ಹಕ್ಕಿಗಳು ಗೂಡು ಕಟ್ಟುತ್ತವೆ. ಬಿಳಿಹೊಟ್ಟೆಯ ಕಡಲ ಹದ್ದುಗಳಿಗೆ ಇದು ತವರು. ಒಂದು ಹದ್ದು ನಮ್ಮ ತಲೆಯ ಮೇಲೇ ಸುತ್ತುತ್ತಿತ್ತು. ಇಂಥ ಜಾಗವನ್ನು ನೌಕಾಪಡೆಯವರು ಗುರಿ ಹೊಡೆಯುವ ಅಭ್ಯಾಸಕ್ಕೆ ಬಳಸಿದ್ದುಂಟು. ಹಕ್ಕಿಗಳ ಅಧ್ಯಯನ ಮಾಡುವವರು ವಿರೋಧಿಸಿದರು. ಅವರು ಸುಮ್ಮನೆ ಕೂರದಿದ್ದದ್ದು ಒಳ್ಳೆಯದಾಯಿತು. ಮೀನುಗಾರರು ನಡೆದುಕೊಳ್ಳುವ ದೇವರ ನೆಲೆಯೂ ದ್ವೀಪದ ಮೇಲಿದೆ. ನಾವು ಮೇಲೆ ಹತ್ತಲಿಲ್ಲ, ದೋಣಿಯಿಂದಲೇ ನೇರ ನೀರಿಗೆ ಇಳಿದೆವು.

ಇನ್ನು ಈಜಿನ ವಿಷಯ. ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಕಡಲೊಳಗೆ ಇಳಿಯುವ ಈ ಸ್ಕೂಬಾವನ್ನು ಮೊದಲ ಸಲ ಮಾಡುವವರಿಗೆ ಈಜು ಬರಲೇಬೇಕೆಂದಿಲ್ಲ. ತರಬೇತುದಾರರು ಒಬ್ಬೊಬ್ಬರನ್ನೂ ಹಿಡಿದುಕೊಂಡೇ ಇರುತ್ತಾರೆ, ಕೈ ಬಿಡುವುದೇ ಇಲ್ಲ. ಹೀಗೆ ಇಳಿಯುವವರನ್ನು 12 ಮೀಟರಿಗಿಂತ ಕೆಳಗೆ ಕರೆದೊಯ್ಯಬಾರದು ಎಂಬ ನಿಯಮವಿದೆ. ನನ್ನನ್ನು ಕರೆದುಕೊಂಡು ಹೋದದ್ದು ಆರೇಳು ಮೀಟರಿಗೆ ಅಷ್ಟೇ. ಬೆನ್ನ ಮೇಲಿನ ಸಿಲಿಂಡರಿನಲ್ಲಿ ಇರುವುದು ಆಮ್ಲಜನಕ ಅಂತ ನಾನು ತಿಳಿದಿದ್ದೆ. ಅಲ್ಲ, ನಾವು ಉಸಿರಾಡುವ ಮಾಮೂಲಿ ಗಾಳಿಯನ್ನೇ ಒತ್ತಿ ತುಂಬಿರುತ್ತಾರೆ. ಬಾಯಲ್ಲಿ ಕಚ್ಚಿಕೊಳ್ಳುವ ರೆಗ್ಯುಲೇಟರ್ ನಾವು ಎಳೆದಾಗಷ್ಟೇ, ಬೇಕಾದಷ್ಟೇ ಗಾಳಿ ಕೊಡುತ್ತದೆ. 1943ರಲ್ಲಿ ಫ್ರಾನ್ಸಿನ ಕೂಸ್ಟೋ ಮತ್ತು ಗಾನ್ಯಾ ಇಬ್ಬರೂ ಸೇರಿ ಇದನ್ನು ಮಾಡಿದ ಮೇಲೆಯೇ ಸಾಮಾನ್ಯರಿಗೆ ಕಡಲ ತಳ ನೋಡುವ ಭಾಗ್ಯ ಬಂದದ್ದು.

ಕಲಿಯಬೇಕಾದದ್ದು ಈಜನ್ನಲ್ಲ, ಉಸಿರನ್ನು. ಬಾಯಿಂದ ನಿಧಾನ ಎಳೆದುಕೊಳ್ಳಬೇಕು, ನಿಧಾನ ಬಿಡಬೇಕು, ಯಾವ ಕಾರಣಕ್ಕೂ ಉಸಿರು ಕಟ್ಟಬಾರದು. ಹತ್ತು ಮೀಟರ್ ಆಳದಲ್ಲಿ ಒಟ್ಟು ಒತ್ತಡ ಮೇಲಿನದರ ಎರಡು ಪಟ್ಟು. ಅಲ್ಲಿ ಎದೆ ತುಂಬ ಎಳೆದ ಗಾಳಿಯನ್ನು ಕಟ್ಟಿ ಹಿಡಿದು ಮೇಲೆ ಬಂದರೆ ಅದು ಎರಡರಷ್ಟು ಹಿಗ್ಗಿ ಶ್ವಾಸಕೋಶಕ್ಕೇ ಪೆಟ್ಟು ಕೊಡುತ್ತದೆ. ಇಳಿಯುವಾಗ ಕಿವಿ ಬಿಗಿದುಕೊಳ್ಳುತ್ತದೆ. ಮೂಗು ಮುಚ್ಚಿ ಮೆಲ್ಲಗೆ ಊದಿದರೆ ಬಿಡುತ್ತದೆ, ನೋಯುವ ತನಕ ಕಾಯಬಾರದು. ಕೆಳಗೆ ಮಾತಿಲ್ಲ, ಕೈಸನ್ನೆಯೇ ಎಲ್ಲ. ಹೆಬ್ಬೆರಳು ತೋರುಬೆರಳು ಕೂಡಿಸಿದರೆ ಚೆನ್ನಾಗಿದ್ದೇನೆ ಅಂತ. ಹೆಬ್ಬೆರಳು ಎತ್ತಿದರೆ ಮೇಲೆ ಕರೆದುಕೊಂಡು ಹೋಗಿ ಅಂತ. ಖುಷಿಯಾಗಿ ಹೆಬ್ಬೆರಳು ತೋರಿಸಿದವರನ್ನು ಮೇಲಕ್ಕೆ ಕರೆತಂದುಬಿಡುತ್ತಾರೆ, ನೆನಪಿಟ್ಟುಕೋ.

ನೀರಿಗಿಳಿದ ಮೊದಲ ಕ್ಷಣಗಳಲ್ಲಿ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಮುಖ ಮುಳುಗಿದೆ, ಆದರೂ ಉಸಿರು ಆಡುತ್ತಿದೆ ಎಂಬುದನ್ನು ಒಪ್ಪಿಕೊಳ್ಳಲು ಮನಸ್ಸಿಗೆ ಸ್ವಲ್ಪ ಹೊತ್ತು ಬೇಕು. ತರಬೇತುದಾರ ಹುಡುಗ ಅವಸರ ಮಾಡಲಿಲ್ಲ, ನನ್ನ ಕಣ್ಣನ್ನೇ ನೋಡುತ್ತ ತನ್ನ ಕೈಯನ್ನು ಮೇಲೆ ಕೆಳಗೆ ಆಡಿಸಿ ನನ್ನ ಉಸಿರಿಗೆ ತಾಳ ಹಾಕಿದ. ಅದು ಹದಕ್ಕೆ ಬಂದ ಮೇಲೆ ಹಗ್ಗ ಹಿಡಿದು ಒಂದೊಂದೇ ಮೊಳ ಇಳಿದೆವು.

ಅಕ್ಕ, ಮೇಲಿನಿಂದ ಬರೀ ನೀಲಿ ಕಾಣುತ್ತದಲ್ಲ, ಕೆಳಗೆ ಒಂದು ಊರೇ ಇದೆ. ಬಂಡೆಗಳ ಮೇಲೆಲ್ಲ ಹವಳ. ಅದು ಕಲ್ಲೂ ಅಲ್ಲ, ಗಿಡವೂ ಅಲ್ಲ. ಸಣ್ಣ ಸಣ್ಣ ಜೀವಿಗಳು ಸಾವಿರಗಟ್ಟಲೆ ಸೇರಿ ಕಟ್ಟಿಕೊಂಡ ಮನೆ. ಅವುಗಳ ಮೈಯೊಳಗೆ ಪಾಚಿಯ ಕಣಗಳು ಇದ್ದುಕೊಂಡು ಬಿಸಿಲಿನಿಂದ ಊಟ ಮಾಡಿಕೊಡುತ್ತವೆ. ಹಳದಿ ಚಿಟ್ಟೆ ಮೀನುಗಳು ಜೋಡಿ ಜೋಡಿಯಾಗಿ ಓಡಾಡುತ್ತಿದ್ದವು. ಬಂಡೆಯ ಬಿರುಕಿನಿಂದ ಮೊರೇ ಈಲ್ ಎಂಬ ಮೀನು ತಲೆ ಹೊರಗೆ ಹಾಕಿ ಬಾಯಿ ತೆರೆದು ಮುಚ್ಚುತ್ತಿತ್ತು. ಹೆದರಿಸಲು ಅಲ್ಲವಂತೆ, ಅದು ಉಸಿರಾಡುವ ರೀತಿಯೇ ಹಾಗೆ. ಇಲ್ಲಿಯವರು ಮುರು ಎನ್ನುವ ದೊಡ್ಡ ಮೀನೊಂದು ಅಲುಗದೆ ನಿಂತಿತ್ತು.

ಗಿಳಿಮೀನನ್ನು ನಾನು ಮೊದಲು ಕಂಡದ್ದು ಕಣ್ಣಿನಿಂದಲ್ಲ, ಕಿವಿಯಿಂದ. ಹುರಿಗಡಲೆ ಅಗಿದಂಥ ಕರುಕರು ಸದ್ದು. ನೀರಿನಲ್ಲಿ ಸದ್ದು ಗಾಳಿಯಲ್ಲಿಗಿಂತ ನಾಲ್ಕು ಪಟ್ಟು ವೇಗವಾಗಿ ಬರುವುದರಿಂದ ಯಾವ ದಿಕ್ಕಿನದೆಂದೇ ತಿಳಿಯುವುದಿಲ್ಲ. ತರಬೇತುದಾರ ತಿರುಗಿಸಿ ತೋರಿಸಿದಾಗ ಕಂಡಿತು: ಹಸಿರು ನೀಲಿ ಮೈ, ಗಿಳಿಯ ಕೊಕ್ಕಿನಂಥದೇ ಬಾಯಿ, ಬಂಡೆಯ ಪಾಚಿಯನ್ನು ಹವಳದ ಸಮೇತ ಕೆರೆದು ತಿನ್ನುತ್ತಿತ್ತು. ಸ್ವಲ್ಪ ಹೊತ್ತಿಗೆ ಅದರ ಹಿಂದಿನಿಂದ ಬಿಳಿ ಮರಳು ಮೋಡದಂತೆ ಉದುರಿತು. ಅದು ನುಂಗಿದ ಹವಳವೇ ಪುಡಿಯಾಗಿ ಹೊರಬಂದ ಮರಳು. ಹವಳದ ದ್ವೀಪಗಳ ಬಿಳಿ ದಂಡೆಗಳಲ್ಲಿ ಬಹಳಷ್ಟು ಮರಳು ಇಂಥ ಮೀನುಗಳು ಮಾಡಿಕೊಟ್ಟದ್ದೇ.

ಇನ್ನೊಂದನ್ನು ಹೇಳಲೇಬೇಕು. ದೇವರಾಯನದುರ್ಗಕ್ಕೆ ಹೋದಾಗ ನೀನು ನನ್ನ ಕೈಗೆ ಕಟ್ಟಿದ ಕೆಂಪು ದಾರ ಇದೆಯಲ್ಲ, ಕೆಳಗೆ ನೋಡಿದರೆ ಅದು ಕೆಂಪಾಗಿರಲಿಲ್ಲ, ಮಣ್ಣು ಹತ್ತಿದ ಹಳೇ ನೂಲಿನ ಬಣ್ಣವಾಗಿತ್ತು. ಬಿಸಿಲಿನ ಬಣ್ಣಗಳಲ್ಲಿ ನೀರು ಮೊದಲು ಹೀರಿಕೊಳ್ಳುವುದು ಕೆಂಪನ್ನು. ತರಬೇತುದಾರ ಟಾರ್ಚ್ ಹಾಕಿದ. ದಾರ ಕುಂಕುಮದ ಕೆಂಪಿಗೆ ತಿರುಗಿತು. ಟಾರ್ಚನ್ನು ಬಂಡೆಯ ಕಡೆ ಹಿಡಿದ. ಬೂದಿ ಬಣ್ಣದ್ದು ಅಂದುಕೊಂಡಿದ್ದ ಗೋಡೆಯ ತುಂಬ ಕೆಂಪು, ಕಿತ್ತಳೆ ಬಣ್ಣದ ಜೀವಿಗಳು!

ನಮ್ಮನೆಯವರಿಗೆ ಹಿಂದೆ ಕಿವಿ ಆಪರೇಷನ್ ಆಗಿತ್ತಲ್ಲ, ಹಾಗಾಗಿ ಅವರನ್ನು ಕೆಳಗೆ ಬಿಡಲಿಲ್ಲ, ಅದು ಸರಿಯೇ. ಅವರು ಲೈಫ್ ಜಾಕೆಟ್ ಹಾಕಿಕೊಂಡು, ಸ್ನಾರ್ಕೆಲ್ ಕೊಳವೆ ಬಾಯಿಗಿಟ್ಟು, ಮುಖ ಕೆಳಗೆ ಮಾಡಿ ತೇಲಿದರು. ಮುಳುಗುವ ಮಾತೇ ಇಲ್ಲ. ಬಂಡೆಯ ಹತ್ತಿರದ ತಿಳಿನೀರಿನಲ್ಲಿ ಅವರಿಗೂ ಗಿಳಿಮೀನು, ಚಿಟ್ಟೆ ಮೀನು ಎಲ್ಲ ಕಂಡವು. ಬಿಸಿಲಿನ ಬೆಳಕು ಹೆಚ್ಚಿರುವ ಮೇಲ್ಭಾಗದಲ್ಲಿ ಬಣ್ಣ ಇನ್ನೂ ಚೆನ್ನಾಗಿ ಕಾಣುತ್ತದೆ. ಒಟ್ಟು ನೋಟದಲ್ಲಿ ಅವರಿಗೆ ಕಡಿಮೆಯೇನೂ ಆಗಲಿಲ್ಲ. ಮಗ ಮೊದಲೇ ಬಂದು ಸ್ಕೂಬಾದ ಓಪನ್ ವಾಟರ್ ಕೋರ್ಸ್ ಮುಗಿಸಿದ್ದಾನೆ, ಅವನಿಗೆ 18 ಮೀಟರ್ ತನಕ ಅನುಮತಿ. ಅವನು ಜೊತೆಗಾರನೊಂದಿಗೆ ದ್ವೀಪದ ಇನ್ನೊಂದು ಮಗ್ಗುಲಿಗೆ ಹೋಗಿ ಬರಕುಡಾ ಮೀನುಗಳ ಹಿಂಡು ನೋಡಿ ಬಂದ. ಮೂರು ಜನ ಮೂರು ಥರ ಇಳಿದೆವು, ದೋಣಿಗೆ ಹತ್ತಿದ ಮೇಲೆ ಒಬ್ಬರ ಮಾತು ಇನ್ನೊಬ್ಬರು ಕೇಳುವ ಸ್ಥಿತಿಯಲ್ಲಿರಲಿಲ್ಲ!

ಮನಸ್ಸಿಗೆ ನೋವಾದದ್ದನ್ನೂ ಹೇಳುತ್ತೇನೆ. ಬೇರೆ ದೋಣಿಯಿಂದ ಇಳಿದ ಕೆಲವರು ಫೋಟೋಗಾಗಿ ಹವಳದ ಮೇಲೆಯೇ ಕಾಲೂರಿ ನಿಂತಿದ್ದರು. ಎಷ್ಟೋ ಜಾತಿಯ ಹವಳ ವರ್ಷಕ್ಕೆ ಒಂದೆರಡು ಸೆಂಟಿಮೀಟರ್ ಕೂಡ ಬೆಳೆಯುವುದಿಲ್ಲ. ಒಂದು ಹೆಜ್ಜೆಗೆ ಮುರಿದದ್ದು ನಮ್ಮ ಮಕ್ಕಳ ಕಾಲಕ್ಕೂ ಹಿಂದಿನಂತಾಗಲಿಕ್ಕಿಲ್ಲ. ಬಂಡೆಗೆ ಸಿಕ್ಕಿ ಹರಿದ ಬಲೆಯ ತುಂಡೂ ಒಂದು ಕಡೆ ಇತ್ತು. ಮೊದಲೇ ಕಡಲು ಬಿಸಿಯಾಗುತ್ತಿದೆ. ನೀರಿನ ಬಿಸಿ ಹೆಚ್ಚಾದರೆ ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬೆಳ್ಳಗಾಗಿ ಹಸಿಯುತ್ತದೆ. 2024ರ ಏಪ್ರಿಲಿನಲ್ಲಿ ಜಗತ್ತಿನಾದ್ಯಂತ ಇದು ನಾಲ್ಕನೇ ಸಲ ಆಗುತ್ತಿದೆ ಎಂದು ವಿಜ್ಞಾನಿಗಳು ಸಾರಿದರು. ಕರ್ನಾಟಕಕ್ಕೆ ಇಂಥ ಜಾಗಗಳು ಬಹಳ ಇಲ್ಲ ಅಕ್ಕ. ಬರುವವರು ಎರಡು ಕೈಗಳನ್ನೂ ಎದೆಗೆ ಕಟ್ಟಿಕೊಂಡು ನೋಡಿ ಹೋಗಬೇಕು, ಯಾವುದನ್ನೂ ಮುಟ್ಟಬಾರದು, ಚಿಪ್ಪನ್ನೂ ಎತ್ತಿಕೊಂಡು ಬರಬಾರದು. ಮಕ್ಕಳಿಗೆ ಇದನ್ನು ಈಗಲೇ ಹೇಳಿಡು.

ನಿನಗೆ ತಿಳಿದಿರಬೇಕಾದದ್ದು ಇನ್ನು ಸ್ವಲ್ಪ ಇದೆ. ದೋಣಿ ಹತ್ತುವ ಮೊದಲು ಆರೋಗ್ಯದ ಫಾರಂ ತುಂಬಿಸಿಕೊಳ್ಳುತ್ತಾರೆ. ಆಸ್ತಮಾ, ಹೃದಯದ ತೊಂದರೆ, ಫಿಟ್ಸ್, ಕಿವಿಯ ತೊಂದರೆ ಇದ್ದರೆ ಮುಚ್ಚಿಡಬಾರದು. ಭಾವನವರಿಗೆ ಬಿ.ಪಿ. ಇರುವುದರಿಂದ ಡಾಕ್ಟರ ಪತ್ರ ತರಲಿ. ಡಾಕ್ಟರು ಸ್ಕೂಬಾ ಬೇಡ ಅಂದರೆ ಸ್ನಾರ್ಕೆಲಿಂಗನ್ನೂ ಅವರನ್ನು ಕೇಳಿಯೇ ಮಾಡಲಿ. ಹತ್ತು ವರ್ಷ ತುಂಬದ ಮಕ್ಕಳಿಗೆ ಕಡಲಿನಲ್ಲಿ ಸ್ಕೂಬಾ ಇಲ್ಲ, ಹಾಗಾಗಿ ನಿನ್ನ ಚಿಕ್ಕವಳು ಅವಳ ಚಿಕ್ಕಪ್ಪನ ಜೊತೆ ತೇಲಬಹುದು. ನೆಗಡಿ ಇದ್ದರೆ ಯಾರೂ ಇಳಿಯಬಾರದು, ಕಿವಿಯ ಒತ್ತಡ ಬಿಡುವುದಿಲ್ಲ.

ಸ್ಕೂಬಾ ಮುಗಿಸಿದ ದಿನವೇ ಊರಿಗೆ ಹೊರಡುವ ಯೋಚನೆ ಬೇಡ. ನೀರಿನ ಒತ್ತಡದಲ್ಲಿ ಉಸಿರಾಡಿದಾಗ ಸಾರಜನಕ ಮೈಯಲ್ಲಿ ಕರಗಿ ಸೇರಿಕೊಂಡಿರುತ್ತದೆ. ಅದು ನಿಧಾನವಾಗಿ ಹೊರಹೋಗುವ ಮೊದಲೇ ಎತ್ತರಕ್ಕೆ ಏರಿದರೆ ಗುಳ್ಳೆಗಟ್ಟಿ ತೊಂದರೆ ಕೊಡಬಹುದು. ಅದಕ್ಕೇ ಒಂದು ಸಲ ಇಳಿದವರು 12 ಗಂಟೆ, ಮತ್ತೆ ಮತ್ತೆ ಇಳಿದವರು 18 ಗಂಟೆ ವಿಮಾನ ಹತ್ತಬಾರದು ಅನ್ನುತ್ತಾರೆ. ನಮಗೆ ವಿಮಾನ ಇಲ್ಲದಿದ್ದರೂ ಘಟ್ಟ ಇದೆ, ತುಮಕೂರೇ ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರದಲ್ಲಿದೆ. ಆದ್ದರಿಂದ ನಾವು ಇನ್ನೊಂದು ರಾತ್ರಿ ಇಲ್ಲೇ ಉಳಿದಿದ್ದೇವೆ. ಹಾಗೆ ಉಳಿದಿದ್ದರಿಂದಲೇ ಈ ಕಾಗದ ಬರೆಯಲು ಪುರುಸೊತ್ತು ಸಿಕ್ಕಿತು.

ಮಳೆಗಾಲದಲ್ಲಿ ದೋಣಿ ಬಿಡುವುದಿಲ್ಲ. ಅಕ್ಟೋಬರಿನಿಂದ ಮೇ ತನಕ ಕಾಲ, ಅದರಲ್ಲೂ ಡಿಸೆಂಬರ್ ಜನವರಿಯಲ್ಲಿ ನೀರು ಹೆಚ್ಚು ತಿಳಿ. ನಿನ್ನ ಮಕ್ಕಳ ಪರೀಕ್ಷೆ ಮುಗಿಯುವುದು ಮಾರ್ಚ್ ಕೊನೆಗೆ ತಾನೆ? ಏಪ್ರಿಲ್ ಮೊದಲ ವಾರ ಹೊರಟರೆ ಸರಿಹೋಗುತ್ತದೆ. ಕುಣಿಗಲ್ಲಿಗೆ ಮಧ್ಯಾಹ್ನವೇ ಬಂದುಬಿಡಿ, ನಮ್ಮನೆಯಲ್ಲಿ ಊಟ ಮುಗಿಸಿ ಸಂಜೆ ಒಟ್ಟಿಗೆ ರೈಲು ಹತ್ತೋಣ. ನಾನೂ ಮತ್ತೆ ಬರುತ್ತೇನೆ, ನಿನ್ನೊಬ್ಬಳನ್ನೇ ಕಳಿಸುವುದಿಲ್ಲ. ಬಳೆ, ಸರ ಎಲ್ಲ ಮನೆಯಲ್ಲೇ ಬಿಟ್ಟು ಬಾ. ತಾರೀಖು ಭಾವನವರ ಹತ್ತಿರ ಮಾತಾಡಿ ಈ ವಾರದೊಳಗೆ ತಿಳಿಸು, ಟಿಕೆಟ್ ಬೇಗ ಖಾಲಿಯಾಗುತ್ತದೆ.

ಭಾವನವರಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ.

ಇತಿ,
ನಿನ್ನ ಪ್ರೀತಿಯ ತಂಗಿ