ಮೇಡಂ ರೂಮು

ಐದೂಮುಕ್ಕಾಲಿಗೆ ಬಚ್ಚಲಿನ ನಲ್ಲಿ ಗೊರಗೊರ ಎನ್ನತೊಡಗುತ್ತದೆ. ಮೊದಲು ಬರೀ ಗಾಳಿ, ಆಮೇಲೆ ಕೆಂಪಗಿನ ನೀರು ಒಂದು ಚೊಂಬು, ಆಮೇಲೆ ಬಿಸಿನೀರು. ಬಾಗಿಲ ಹಿಂದೆ ಅಂಟಿಸಿದ ಹಾಳೆಯಲ್ಲಿ 'ಬಿಸಿನೀರು ಬೆಳಿಗ್ಗೆ 6ರಿಂದ 8' ಎಂದಿದೆ. ಅದರ ಕೆಳಗೇ 'ಕೋಣೆಯಲ್ಲಿ ಅಡುಗೆ ಮಾಡಬಾರದು'. ಎರಡನೇ ಮಹಡಿಗೆ ನೀರು ಏಳೂಕಾಲಿನವರೆಗೆ ಬಂದರೆ ಹೆಚ್ಚು. ರೂಮ್‌ಬಾಯ್ ಬಾಗಿಲು ತಟ್ಟಿ ಹೇಳಿ ಹೋಗುತ್ತಾನೆ: "ಬಕೆಟ್ ತುಂಬಿಸಿಟ್ಕೋರಿ ಸಾರ್, ಆಮ್ಯಾಲೆ ನೀರು ಹೋಗ್ತಾವು."

ಹೊಸಪೇಟೆಯ ಏಪ್ರಿಲ್‌ನಲ್ಲಿ ಬಿಸಿನೀರು ಯಾರಿಗೆ ಬೇಕು? ಅತ್ತೆಗೆ ಬೇಕು. ಮಧ್ಯಾಹ್ನ ಹನ್ನೆರಡಕ್ಕೆ ತಣ್ಣೀರಿನ ನಲ್ಲಿ ತಿರುಗಿಸಿದರೂ ಕೈ ಸುಡುವ ನೀರೇ ಬರುತ್ತದೆ, ಟ್ಯಾಂಕು ಬಿಸಿಲಲ್ಲಿದೆ ಎಂದು ಎಷ್ಟು ಹೇಳಿದರೂ ಅವರದು ಒಂದೇ ಮಾತು: "ಸ್ನಾನದ ನೀರು ಕಾಯಿಸಿದ್ದಾಗಿರಬೇಕು, ಕಾದದ್ದಲ್ಲ."

ಇವತ್ತು ಭಾನುವಾರ, 2017ರ ಏಪ್ರಿಲ್ 23. ಭಾನುವಾರವಾದರೂ ಸ್ನಾನದ ಮೊದಲ ಸರದಿ ನನ್ನ ಹೆಂಡತಿಯದು, ಯಾಕೆಂದರೆ ಇವಳಿಗೆ ಬ್ಯಾಂಕಿದೆ. ಈ ತಿಂಗಳ ಒಂದನೇ ತಾರೀಖು ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾಗಿದೆ. ಹೈದರಾಬಾದ್, ತಿರುವಾಂಕೂರು, ಪಟಿಯಾಲ, ಬಿಕಾನೇರ್-ಜೈಪುರದ ಬ್ಯಾಂಕುಗಳೂ, ಜೊತೆಗೆ ಮಹಿಳಾ ಬ್ಯಾಂಕೂ ಅದೇ ದಿನ ಸೇರಿವೆ. ಕಾಗದದ ಮೇಲೆ ಸೇರುವುದು ಒಂದು ದಿನದ ಕೆಲಸ. ಲೆಕ್ಕಗಳು ಸೇರಬೇಕಲ್ಲ? ಅದಕ್ಕೇ ಮೈಸೂರಿನಿಂದ ಇವಳಿಗೆ ಎರಡು ತಿಂಗಳ ಡೆಪ್ಯುಟೇಶನ್. ನಾನು ಹೈಸ್ಕೂಲು ಮೇಷ್ಟ್ರು, ಬೇಸಿಗೆ ರಜೆ; ಮಕ್ಕಳಿಗೂ ರಜೆ. ಒಂಟಿ ಮನೆಯಲ್ಲಿ ಕೂತು ಏನು ಮಾಡಲಿ ಎಂದು ಅತ್ತೆಯೂ ಹೊರಟರು. ಹೀಗೆ ನಾವು ಐದು ಜನ ಸ್ಟೇಷನ್ ರಸ್ತೆಯ ಲಾಡ್ಜಿನಲ್ಲಿ ಸಂಸಾರ ಹೂಡಿದ್ದೇವೆ.

ಎದುರುಬದುರು ಎರಡು ಕೋಣೆ. ಒಂದರಲ್ಲಿ ಅತ್ತೆ ಮತ್ತು ಮಗಳು. ಇನ್ನೊಂದರಲ್ಲಿ ನಾವಿಬ್ಬರು, ಆರು ವರ್ಷದ ಮಗ, ಬಡಬಡಿಸುವ ಏರ್ ಕೂಲರ್, ಒಂದು ಟೀವಿ. ಕಿಟಕಿಯ ಸರಳಿನಿಂದ ಬಾಗಿಲ ಚಿಲಕಕ್ಕೆ ಕಟ್ಟಿದ ಹಗ್ಗದ ಮೇಲೆ ನಮ್ಮೆಲ್ಲರ ಬಟ್ಟೆ. ಅದರ ಕೆಳಗೆ ಬಗ್ಗಿಯೇ ಓಡಾಡಬೇಕು. ಲಾಡ್ಜಿನವರು ನಮ್ಮ ಹೆಸರು, ನಂಬರು ಎರಡನ್ನೂ ಬಿಟ್ಟಿದ್ದಾರೆ. ಇದು 'ಮೇಡಂ ರೂಮು'. ನಾನು 'ಮೇಡಂ ಮನಿಯವರು'. ಮೈಸೂರಿನಲ್ಲಿ ಹದಿನಾಲ್ಕು ವರ್ಷ ಮೇಷ್ಟ್ರ ಹೆಂಡತಿ ಎನಿಸಿಕೊಂಡ ಇವಳು ಇದನ್ನು ಕೇಳಿದಾಗಲೆಲ್ಲ ಕನ್ನಡಿ ಕಡೆ ತಿರುಗಿ ಹೇರ್‌ಪಿನ್ ಸರಿಮಾಡಿಕೊಳ್ಳುತ್ತಾಳೆ. ನಗುವುದು ಕನ್ನಡಿಯಲ್ಲಿ ಕಾಣುತ್ತದೆ.

ಏಳೂವರೆಯ ಹೊತ್ತಿಗೆ ಹಂಪಿ ಎಕ್ಸ್‌ಪ್ರೆಸ್ಸಿನ ಜನ ರಸ್ತೆಗೆ ಬರುತ್ತಾರೆ. ಬಾಲ್ಕನಿಯಿಂದ ಬಗ್ಗಿ ನೋಡಿ: ಬೆನ್ನಿಗೆ ದೊಡ್ಡ ಚೀಲ ಹೊತ್ತವರು ನಾಲ್ಕು ಮಂದಿ, ಅವರ ಸುತ್ತ "ಹಂಪಿ, ಹಂಪಿ" ಎನ್ನುವ ಆಟೋದವರು ಎಂಟು ಮಂದಿ. ಚೈತ್ರ ಹುಣ್ಣಿಮೆಯ ತೇರು ಮುಗಿದಿದೆ. ಈ ಬಿಸಿಲಿಗೆ ಹಂಪಿಯ ಬಂಡೆಗಳ ನಡುವೆ ತಿರುಗಲು ಬರುವವರು ಕಡಿಮೆ.

ರಸ್ತೆ ದಾಟಿದರೆ ತಳ್ಳುಗಾಡಿ. ಮಂಡಕ್ಕಿಯನ್ನು ನೀರಿನಲ್ಲಿ ಅದ್ದಿ, ಹಿಂಡಿ, ಈರುಳ್ಳಿ, ಹಸಿಮೆಣಸು, ಅರಿಶಿನದ ಒಗ್ಗರಣೆಗೆ ಹಾಕಿ, ಮೇಲೆ ಪುಟಾಣಿ ಪುಡಿ ಉದುರಿಸಿ ಕೊಡುತ್ತಾರೆ. ಇಲ್ಲಿ ಇದರ ಹೆಸರೇ ಒಗ್ಗರಣೆ. ಜೊತೆಗೆ ಮಿರ್ಚಿ ಇಲ್ಲದೆ ತಿಂದರೆ ಜನ ನಿಮ್ಮನ್ನು ಕನಿಕರದಿಂದ ನೋಡುತ್ತಾರೆ. "ಎಷ್ಟ್ ಪ್ಲೇಟ್ರಿ? ಮಿರ್ಚಿ ಬಿಸಿ ಅದಾವು." ಮಗ ಎರಡು ಬೆರಳು ತೋರಿಸುತ್ತಾನೆ. ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ ಬಿಡುವುದಿಲ್ಲ. ಅತ್ತೆ ಒಂದು ಚಮಚ ಬಾಯಿಗಿಟ್ಟು, "ಸಾಸಿವೆ ಸಿಡಿಯೋ ಮುಂಚೆ ಈರುಳ್ಳಿ ಹಾಕಿದ್ದಾರೆ" ಎನ್ನುತ್ತಾರೆ. ಲಾಡ್ಜಿನ ಕೆಳಗಿನ ಹೋಟೆಲಿನಲ್ಲೂ ಅವರದು ಇದೇ ವಿಚಾರಣೆ. ಸಪ್ಲಾಯರು ತಟ್ಟೆ ಇಡುವ ಮೊದಲೇ, ಇವತ್ತು ಏನು ಸಾರು, ಬೇಳೆ ಎಷ್ಟೊತ್ತಿಗೆ ಇಟ್ಟಿರಿ. ಪಾಪ, ಆ ಹುಡುಗನಿಗೇನು ಗೊತ್ತು? ಒಲೆಯಿಂದ ಬಿಡುವು ಸಿಕ್ಕರೆ ಹೆಂಗಸರಿಗೆ ಸ್ವರ್ಗ ಎಂದು ನಾವು ಗಂಡಸರು ಸಲೀಸಾಗಿ ಹೇಳಿಬಿಡುತ್ತೇವೆ. ಇವಳ ಮಟ್ಟಿಗೆ ಅದು ನಿಜವೇ. ಅತ್ತೆಯ ಮಟ್ಟಿಗೆ, ನಾಳೆ ಏನು ತಿಂಡಿ ಎಂದು ತೀರ್ಮಾನಿಸುವ ಅಧಿಕಾರವನ್ನು ಎಪ್ಪತ್ತರ ವಯಸ್ಸಿನಲ್ಲಿ ಯಾರೋ ಕಿತ್ತುಕೊಂಡಂತಾಗಿದೆ.

ಇವಳು ಒಂಬತ್ತಕ್ಕೆ ಹೊರಡುತ್ತಾಳೆ. ನಾನು ಬಚ್ಚಲಿನಲ್ಲಿ ಕುಕ್ಕರುಗಾಲಲ್ಲಿ ಕೂತು ನಿನ್ನೆಯ ಬಟ್ಟೆ ಒಗೆಯುತ್ತೇನೆ. ಹಗ್ಗದ ಮೇಲೆ ಹಾಕಿದ ಬನಿಯನ್ನು ಅರ್ಧ ಗಂಟೆಯಲ್ಲಿ ಗರಿಗರಿ.

ಹನ್ನೊಂದರಿಂದ ನಾಲ್ಕರವರೆಗೆ ಈ ಊರಿನಲ್ಲಿ ಹೊರಗೆ ಕಾಲಿಡುವ ಹಾಗಿಲ್ಲ. ಮಕ್ಕಳ ರಾಜ್ಯವೆಲ್ಲ ಎರಡನೇ ಮಹಡಿಯ ಉದ್ದನೆಯ ಓಣಿ. ಕೆಂಪು ಆಕ್ಸೈಡ್ ನೆಲ, ಎರಡೂ ಕಡೆ ಮುಚ್ಚಿದ ಬಾಗಿಲುಗಳು. ಮೂಲೆಯ ಸ್ಟೂಲು ಇವತ್ತು ಬ್ಯಾಂಕಿನ ಕೌಂಟರು. ಹನ್ನೊಂದು ವರ್ಷದ ಮಗಳು ಮ್ಯಾನೇಜರು, ಮಗ ಗಿರಾಕಿ. ಬಾಗಿಲ ಸಂದಿನಿಂದ ಕೇಳಿ.

"ಯಜ್ಮಾನ್ರೇ, ಇದು ಹಳೇ ಪಾಸ್‌ಬುಕ್ಕು. ಹೊಸದು ಕೊಡ್ತೀವಿ."

"ಹಳೇದು ಕಸ್ಕೋಬ್ಯಾಡ್ರಿ ಮೇಡಂ. ಮೈಸೂರು ಬ್ಯಾಂಕಿಂದು. ಇಟ್ಕೋತೀನಿ."

ಈ ಭಾಷೆ ಮಗನಿಗೆ ಎಲ್ಲಿಂದ ಬಂತು? ಕಮಲಾಪುರದ ಕಡೆಯ ಮುದುಕರೊಬ್ಬರು ಪಾಸ್‌ಬುಕ್ಕನ್ನು ಎದೆಗೊತ್ತಿ ಹಿಡಿದು ಹೀಗೆಂದರು ಎಂದು ಮೊನ್ನೆ ರಾತ್ರಿ ಇವಳು ನನಗೆ ಹೇಳಿದ್ದಳು, ಮಕ್ಕಳು ಮಲಗಿದ್ದಾರೆಂದುಕೊಂಡು. 1913ರಲ್ಲಿ ವಿಶ್ವೇಶ್ವರಯ್ಯನವರ ಸಮಿತಿಯ ಸಲಹೆಯಂತೆ 'ಬ್ಯಾಂಕ್ ಆಫ್ ಮೈಸೂರು' ಎಂದು ಹುಟ್ಟಿದ್ದು, 1960ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಆಯಿತು. ಜನರ ಬಾಯಲ್ಲಿ ಮಾತ್ರ ಅದು ಎಂದೆಂದಿಗೂ ಮೈಸೂರು ಬ್ಯಾಂಕೇ.

ಮೈಸೂರಿನ ಮನೆಯಲ್ಲಿ ಇವಳು ಕೆಲಸವನ್ನು ಚಪ್ಪಲಿಯ ಜೊತೆ ಹೊರಗೇ ಬಿಟ್ಟು ಬರುತ್ತಿದ್ದಳು. ಒಳಗೆ ಬಂದರೆ ಕುಕ್ಕರು, ಹೋಂವರ್ಕು, ನಾಳೆಯ ಹಾಲಿನ ಕೂಪನ್ನು. ಇಲ್ಲಿ ಬಿಡುವುದಕ್ಕೆ ಹೊರಗೆಂಬುದೇ ಇಲ್ಲ. ಒಂದೇ ಕೋಣೆ. ರಾತ್ರಿ ಹತ್ತಕ್ಕೆ ಫೋನು ಬಂದರೆ ಮಂಚದ ಅಂಚಿನಲ್ಲಿ ಕೂತು, "ಟ್ಯಾಲಿ ಆಗೋವರೆಗೂ ಯಾರೂ ಸಿಸ್ಟಮ್ ಮುಚ್ಚಬೇಡಿ. ಎಷ್ಟು ವ್ಯತ್ಯಾಸ? ಸರಿ, ಹತ್ತನೇ ತಾರೀಖಿನಿಂದ ಮತ್ತೆ ನೋಡಿ" ಎನ್ನುತ್ತಾಳೆ. ಆ ದನಿ ನನಗೂ ಹೊಸದು. ಅದರಲ್ಲಿ ಸಿಟ್ಟಿಲ್ಲ, ಬೇಡಿಕೆಯೂ ಇಲ್ಲ. ಮಗಳು ಮೊದಲ ಸಲ ಕೇಳಿದ ದಿನ ನನ್ನ ಕಿವಿಯಲ್ಲಿ ಕೇಳಿದ್ದಳು: "ಅಪ್ಪ, ಅಮ್ಮ ಹೇಳಿದ್ದನ್ನ ಅಷ್ಟೊಂದು ಜನ ಕೇಳ್ತಾರಾ?" ಓಣಿಯ ಮ್ಯಾನೇಜರು ಈಗ ಅದೇ ದನಿಯಲ್ಲಿ ತಮ್ಮನಿಗೆ, "ಸಾಲಲ್ಲಿ ಬನ್ನಿ" ಎನ್ನುತ್ತಿದ್ದಾಳೆ. ಸಾಲಿನಲ್ಲಿ ಇರುವವನು ಅವನೊಬ್ಬನೇ.

ಐದಕ್ಕೆ ಟಿ.ಬಿ. ಡ್ಯಾಮಿನ ಬಸ್ಸು. ಹೋಗುವ ದಾರಿಯಲ್ಲಿ ಟಾಕೀಸಿನ ಮುಂದೆ ಪುನೀತ್ ರಾಜ್‌ಕುಮಾರರ ಆಳೆತ್ತರದ ಕಟೌಟು, ಅದಕ್ಕೆ ಒಣಗಿದ ಹೂವಿನ ಹಾರ. 'ರಾಜಕುಮಾರ' ಬಿಡುಗಡೆಯಾಗಿ ತಿಂಗಳಾಯಿತು. ಈ ಊರಿಗೆ ಅಪ್ಪು ಎಂದರೆ ಏನು ಎಂಬುದು ಬಸ್ಸಿನಲ್ಲೇ ತಿಳಿಯುತ್ತದೆ: ಕಟೌಟು ಬಂದ ಕೂಡಲೇ ಕಂಡಕ್ಟರು ಟಿಕೆಟ್ ಹರಿಯುವುದನ್ನು ನಿಲ್ಲಿಸಿ ಕತ್ತು ಹೊರಗೆ ಹಾಕುತ್ತಾನೆ.

ಡ್ಯಾಮಿನ ಹತ್ತಿರ ಇಳಿದರೆ ಮಕ್ಕಳಿಗೆ ನಿರಾಸೆ. ಸಾಲಾಗಿ 33 ಗೇಟು, ಒಂದರಲ್ಲೂ ತೇವವಿಲ್ಲ. ಗೇಟುಗಳ ಹಿಂದೆ ಸಮುದ್ರವಿರಬೇಕಾದ ಕಡೆ ಬಿರಿದ ಮಣ್ಣು, ಅದರ ಮೇಲೆ ಕುರಿಮಂದೆ, ಬಹುದೂರದಲ್ಲಿ ತೆಳ್ಳಗೆ ಹೊಳೆಯುವ ಅಷ್ಟಿಷ್ಟು ನೀರು. ಮಳೆ ಕೈಕೊಟ್ಟು ವರ್ಷಗಳಾಗಿವೆ. ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಈಗ ನೂರರ ಆಸುಪಾಸಿಗೆ ಇಳಿದಿದೆ. ಕಟ್ಟೆಯ ಮೇಲೆ ಕಡಲೆಕಾಯಿ ಮಾರುವವನು ಕೇಳದೆಯೇ ಹೇಳುತ್ತಾನೆ: "ರೈತರೇ ಟ್ರ್ಯಾಕ್ಟರ್ ತಂದು ಹೂಳು ತೆಗೀತಾರಂತ್ರಿ. ಸರ್ಕಾರ ತೆಗೀಲಿ ಅಂದ್ರ ನಮ್ಮ ಮೊಮ್ಮಕ್ಕಳ ಕಾಲಕ್ಕ ಆದೀತು."

ಮೇಷ್ಟ್ರಾದ ಮೇಲೆ ಸುಮ್ಮನಿರುವುದು ಹೇಗೆ? ಮಕ್ಕಳಿಗೆ ಎರಡೂ ದಡ ತೋರಿಸುತ್ತೇನೆ. 1945ರಲ್ಲಿ ಅಡಿಗಲ್ಲು ಬಿದ್ದಾಗ ಈ ಬಲದಂಡೆ ಮದ್ರಾಸ್ ಪ್ರಾಂತ್ಯದ್ದು, ಆ ಎಡದಂಡೆಯ ಮುನಿರಾಬಾದ್ ನಿಜಾಮರ ಹೈದರಾಬಾದಿನದು. ಅವರು ಆ ಕಡೆಯಿಂದ, ಇವರು ಈ ಕಡೆಯಿಂದ ಕಟ್ಟುತ್ತಾ ಬಂದರು. ಕಟ್ಟೆ ಮುಗಿದು ನೀರು ನಿಲ್ಲುವ ಹೊತ್ತಿಗೆ ನಿಜಾಮರ ರಾಜ್ಯವೇ ಇರಲಿಲ್ಲ. ನೀರು ನಿಂತ 1953ರಲ್ಲೇ ಬಳ್ಳಾರಿ ಮೈಸೂರಿಗೆ ಸೇರಿತು. 1956ರಲ್ಲಿ ಕೊಪ್ಪಳವೂ ಬಂತು.

"ಮಧ್ಯದಲ್ಲಿ ಸರಿಯಾಗಿ ಟ್ಯಾಲಿ ಆಯ್ತಾ?" ಮಗಳು ಕೇಳುತ್ತಾಳೆ.

ಅತ್ತೆ ನೀರಿಲ್ಲದ ಜಲಾಶಯವನ್ನೇ ನೋಡುತ್ತಿದ್ದಾರೆ. ಆ ದಡದಲ್ಲಿ ಹೈದರಾಬಾದ್ ಬ್ಯಾಂಕಿತ್ತಂತೆ, ಈ ದಡದಲ್ಲಿ ನಮ್ಮ ಮೈಸೂರು ಬ್ಯಾಂಕು, ಈಗ ಎರಡೂ ಒಂದೇ ಎಂದು ಮಗಳು ಅವರಿಗೆ ವಿವರಿಸುತ್ತಾಳೆ. "ಒಂದಾದ್ರೆ ಒಳ್ಳೇದೇ ಅಲ್ವೇನೇ? ಆದ್ರೆ ನಿಮ್ಮಮ್ಮ ಹೊತ್ತಿಗೆ ಸರಿಯಾಗಿ ಊಟ ಮಾಡ್ತಾಳಾ ಕೇಳು."

ಹೊತ್ತಿಗೆ ಸರಿಯಾಗಿ ಊಟ ಮಾಡುವುದಿಲ್ಲ. ರಾತ್ರಿ ಎಂಟಾದರೂ ಇವಳ ಸುಳಿವಿಲ್ಲ. ಭಾನುವಾರ ಬ್ಯಾಂಕು ಮುಚ್ಚಿರುವುದರಿಂದಲೇ ಕೆಲಸ ಹೆಚ್ಚು ಎಂದು ಮಧ್ಯಾಹ್ನವೇ ಹೇಳಿದ್ದಳು.

ರಿಸೆಪ್ಶನ್ನಿನ ಟೀವಿ ಮುಂದೆ ಲಾಡ್ಜಿನ ಖಾಯಂ ಜನ ಸೇರಿದ್ದಾರೆ. ಎರಡು ದಿನಕ್ಕೊಮ್ಮೆ ಬಂದುಹೋಗುವ ಔಷಧಿ ಕಂಪನಿಯ ರೆಪ್ಪು, ನಾಲ್ಕು ಪಥದ ರಸ್ತೆ ಕೆಲಸಕ್ಕೆಂದು ಬಂದು ಮೂರನೇ ಮಹಡಿಯಲ್ಲಿ ತಿಂಗಳುಗಟ್ಟಲೆ ಇರುವ ನೆಲ್ಲೂರಿನ ಇಂಜಿನಿಯರು, ಕುಂದಾಪುರದ ಕಡೆಯ ಮ್ಯಾನೇಜರು. ಆರ್‌ಸಿಬಿ ಮತ್ತು ಕೋಲ್ಕತ್ತಾ. ಕೋಲ್ಕತ್ತಾ 131ಕ್ಕೆ ಆಲ್‌ಔಟ್ ಆದಾಗ ರೂಮ್‌ಬಾಯ್ ಸೋಫಾದ ಮೇಲೆ ಹತ್ತಿ ಕುಣಿದ; ಮ್ಯಾನೇಜರು ಬೈಯಲಿಲ್ಲ. ಆಮೇಲೆ ಕೊಹ್ಲಿ ಬಂದ, ಮೊದಲ ಚೆಂಡಿಗೇ ಹೋದ. ಗೇಲ್ ಹೋದ. ಡಿವಿಲಿಯರ್ಸ್ ಹೋದ. ಒಬ್ಬನಾದರೂ ಎರಡಂಕಿ ಮುಟ್ಟಬೇಡವೇ? ಹತ್ತು ಓವರು ತುಂಬುವ ಮೊದಲೇ 49ಕ್ಕೆ ಎಲ್ಲ ಮುಗಿಯಿತು. "ಎಂತ ಮಾರಾಯ್ರೆ ಇದು" ಎಂದು ಮ್ಯಾನೇಜರು ಟೀವಿ ಆರಿಸಿಬಿಟ್ಟರು. ಮಗ ನನ್ನ ತೊಡೆಯ ಮೇಲೆ ನಿದ್ದೆ ಹೋಗಿದ್ದಾನೆ, ಪುಣ್ಯವಂತ.

ಅಷ್ಟು ಹೊತ್ತಿಗೆ ಆಟೋ ನಿಂತ ಸದ್ದು. ಇವಳು ಒಳಗೆ ಬಂದವಳೇ ಮೆಟ್ಟಿಲ ಮೇಲೆ ಕೂತಳು. ಮಧ್ಯಾಹ್ನದಿಂದ ಎರಡು ಟೀ, ಒಂದು ಬಿಸ್ಕತ್ತು ಪೊಟ್ಟಣ ಅಷ್ಟೆ. ಕೆಳಗಿನ ಹೋಟೆಲು ಹತ್ತೂವರೆಗೇ ಬಾಗಿಲು ಹಾಕಿದೆ. ಬಸ್ ಸ್ಟ್ಯಾಂಡಿನ ಹತ್ತಿರ ಹೋಗಿ ಏನಾದರೂ ತರೋಣವೆಂದು ನಾನು ಚಪ್ಪಲಿ ಮೆಟ್ಟುತ್ತಿರುವಾಗ ನೆಲ್ಲೂರಿನವರು ಮೆಲ್ಲಗೆ ಮ್ಯಾನೇಜರ ಮುಖ ನೋಡಿ ಹೇಳಿದರು: "ನನ್ನ ರೂಮಲ್ಲಿ ಸಣ್ಣ ಸ್ಟವ್ ಉಂಟು ಸಾರ್. ರವೆ ಕೂಡ ಇದೆ."

ಮ್ಯಾನೇಜರು ಲೆಡ್ಜರಿನಲ್ಲಿ ಏನನ್ನೋ ಬಹಳ ಗಮನವಿಟ್ಟು ಓದತೊಡಗಿದರು.

ಅತ್ತೆ ಎದ್ದರು. ಬಂದಾಗಿನಿಂದ ಮೊಣಕಾಲು ನೋವೆಂದು ಎರಡನೇ ಮಹಡಿಯಿಂದ ಮೇಲೆ ಕಾಲಿಡದವರು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮೂರನೇ ಮಹಡಿಗೆ ಹತ್ತಿದರು. ಹಿಂದೆ ಇಂಜಿನಿಯರು, ಅವರ ಹಿಂದೆ ಮಗಳು, ಈರುಳ್ಳಿ ಹುಡುಕಿಕೊಂಡು ರೂಮ್‌ಬಾಯ್. ನಾನು ಮಗನನ್ನು ಹೆಗಲಿಗೆ ಹಾಕಿಕೊಂಡು ಹೋಗುವಷ್ಟರಲ್ಲಿ ಮೇಲೆ ಅಧಿಕಾರ ಕೈಬದಲಾಗಿತ್ತು.

"ಇದೇನಪ್ಪ ಬಾಣಲೆ, ತೊಳೆದು ಎಷ್ಟು ದಿನ ಆಯ್ತು? ಇಷ್ಟು ಉರಿ ಬೇಡ. ಮೊದಲು ಸಾಸಿವೆ ಸಿಡೀಲಿ. ಕರಿಬೇವು ಇಲ್ವಾ? ರಸ್ತೆ ಮಾಡೋಕೆ ಬಂದೋರು ಕರಿಬೇವು ಇಟ್ಕೊಳ್ಳೋದಿಲ್ವೇ?"

"ರೇಪು ತೆಸ್ತಾನು... ನಾಳೆ ತರ್ತೀನಿ ಅಮ್ಮಗಾರು."

ಇವಳು ಅಲ್ಲೇ ಓಣಿಯ ನೆಲದ ಮೇಲೆ ಗೋಡೆಗೊರಗಿ, ಪಾತ್ರೆಯ ಮುಚ್ಚಳದಲ್ಲಿ ಉಪ್ಪಿಟ್ಟು ಹಾಕಿಸಿಕೊಂಡು ತಿನ್ನುತ್ತಿದ್ದಾಳೆ. ಎರಡು ತುತ್ತು ಆಗಿಲ್ಲ, ಫೋನು. "ಹ್ಞಾಂ ಹೇಳಿ. ಹತ್ತನೇ ತಾರೀಖು ನೋಡಿದ್ರಾ? ಒಂದೇ ಎಂಟ್ರಿ ಎರಡು ಸಲ ಬಿದ್ದಿತ್ತಾ? ಅದೇ, ನಾನು ಹೇಳಲಿಲ್ವಾ!" ಎಡಗೈ ಮುಷ್ಟಿ ಬಿಗಿದು ಗಾಳಿಯಲ್ಲಿ ಗುದ್ದಿದಳು. ಮಗಳು ಬಾಗಿಲಿನಿಂದ ಇಣುಕಿ ಅದನ್ನು ಕಣ್ಣು ಮಿಟುಕಿಸದೆ ನೋಡಿದಳು. ನಾಳೆ ಸ್ಟೂಲಿನ ಹಿಂದೆ ಆ ಮುಷ್ಟಿಯೂ ಬರುತ್ತದೆ.

ಕೆಳಗಿನಿಂದ ಮ್ಯಾನೇಜರ ಹೆಜ್ಜೆ ಸದ್ದು. ನಾವೆಲ್ಲ ಸುಮ್ಮನಾದೆವು. ಬಾಗಿಲ ಹಿಂದೆ ಅಂಟಿಸಿದ ಹಾಳೆ ಎಲ್ಲರಿಗೂ ನೆನಪಿದೆ. ಅವರು ಬಂದು ಬಾಣಲೆ ನೋಡಿದರು, ಸ್ಟವ್ ನೋಡಿದರು, ಅತ್ತೆಯನ್ನು ನೋಡಿದರು.

"ಅಮ್ಮ, ಈ ಘಮ ಕೆಳಗಿನವರೆಗೆ ಬಂತು ಮಾರಾಯ್ರೆ. ಸ್ವಲ್ಪ ಉಳಿದಿದ್ಯಾ?"

"ಉಳಿದಿರೋದೇನು, ಇನ್ನೊಂದು ಸಲ ಕೆದಕ್ತೀನಿ, ಕೂತ್ಕೊಳ್ಳಿ" ಎಂದ ಅತ್ತೆ, ರವೆಯ ಡಬ್ಬಿ ಅಲ್ಲಾಡಿಸಿ ನೋಡಿ, ರೂಮ್‌ಬಾಯ್ ಕಡೆ ತಿರುಗಿದರು: "ಬೆಳಿಗ್ಗೆ ಎದ್ದ ಕೂಡಲೇ ಒಂದು ಕೇಜಿ ಅವಲಕ್ಕಿ ತಗೊಂಡು ಬಾ. ಗಟ್ಟಿ ಅವಲಕ್ಕಿ, ಪೇಪರ್ ಅವಲಕ್ಕಿ ಅಲ್ಲ. ಕರಿಬೇವು ಮರೆತ್ರೆ ಮೇಲೆ ಹತ್ತಲೇಬೇಡ."