೨೯ ಕಿಲೋ ನಾದ

ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಹಿರಿಯ ವಾದಕರೊಬ್ಬರ ಮನೆಯ ಮೂಲೆಯಲ್ಲಿ ಎರಡು ತಿಂಗಳ ಕಾಲ ಒಂದು ಆಂಪ್ಲಿಫೈಯರ್ ಹಳೆಯ ಚಾದರ ಹೊದ್ದು ಕುಳಿತಿತ್ತು. ಫೆಂಡರ್ ಕಂಪನಿಯ ಟ್ವಿನ್ ರಿವರ್ಬ್. ತೂಕ ೨೯ ಕಿಲೋ. ಅದನ್ನು ವರ್ಷಗಟ್ಟಲೆ ಕಾರಿಗೆ ಹೇರಿ, ಇಳಿಸಿ, ಮೆಟ್ಟಿಲು ಹತ್ತಿಸಿ ಅವರ ಬೆನ್ನು ಸೋತಿತ್ತು. ಶಸ್ತ್ರಚಿಕಿತ್ಸೆ ಮಾಡಿದ ಡಾಕ್ಟರು, ಇನ್ನು ಮುಂದೆ ಹತ್ತು ಕಿಲೋಗಿಂತ ಹೆಚ್ಚಿನದನ್ನು ಎತ್ತಕೂಡದೆಂದು ಕಟ್ಟುನಿಟ್ಟಾಗಿ ಹೇಳಿದ್ದರು. ವಯಸ್ಸು ೬೮. ಕೈ ಇನ್ನೂ ಚುರುಕು, ಕಿವಿ ಅದಕ್ಕಿಂತ ಚುರುಕು. ನುಡಿಸುವುದಕ್ಕೆ ಅಡ್ಡಿಯಿರಲಿಲ್ಲ, ನುಡಿಸಿದ್ದನ್ನು ನಾಲ್ಕು ಜನರಿಗೆ ಕೇಳಿಸುವ ಪೆಟ್ಟಿಗೆಯನ್ನು ಹೊರಲು ಮಾತ್ರ ಬೆನ್ನಿರಲಿಲ್ಲ. "ಸಾಕು ಬಿಡಮ್ಮ, ನುಡಿಸಿದ್ದು ಬೇಕಾದಷ್ಟಾಯಿತು" ಎಂದು ಅವರು ಮಗಳಿಗೆ ಹೇಳಿದ್ದು ಮೊಮ್ಮಗಳ ಕಿವಿಗೂ ಬಿತ್ತು. ಆಕೆ ಎಂಜಿನಿಯರಿಂಗ್ ಎರಡನೆಯ ವರ್ಷದ ವಿದ್ಯಾರ್ಥಿನಿ.

ಅಜ್ಜ ನುಡಿಸುವುದು ಪೆಡಲ್ ಸ್ಟೀಲ್ ಗಿಟಾರ್. ಹೆಸರಿನಲ್ಲಿ ಗಿಟಾರ್ ಇದ್ದರೂ ನೋಡಲು ನಾಲ್ಕು ಕಾಲಿನ ಕಿರಿದಾದ ಮೇಜಿನಂತಿರುತ್ತದೆ. ಮೇಲೆ ಹತ್ತು ತಂತಿ. ನಮ್ಮ ಗೋಟುವಾದ್ಯವನ್ನು ಕಂಡವರಿಗೆ ಇದರ ಅರ್ಧ ಪರಿಚಯವಾದಂತೆಯೇ. ಎಡಗೈಯಲ್ಲಿ ಹಿಡಿದ ಉಕ್ಕಿನ ಗುಂಡನ್ನು ತಂತಿಗಳ ಮೇಲೆ ಜಾರಿಸುತ್ತ ಸ್ವರ ಹಿಡಿಯಬೇಕು. ವೀಣೆಗಿರುವಂತೆ ಮೆಟ್ಟುಗಳಿಲ್ಲ, ಬರಿಯ ಗೆರೆ ಎಳೆದಿರುತ್ತಾರೆ, ಅಷ್ಟೆ. ಉಳಿದರ್ಧ ವಿಚಿತ್ರ. ಎಡಪಾದ ಪೆಡಲುಗಳನ್ನು ಒತ್ತುತ್ತದೆ, ಎರಡೂ ಮೊಣಕಾಲುಗಳು ಸನ್ನೆಗಳನ್ನು ತಳ್ಳುತ್ತವೆ. ಒಂದೊಂದು ಒತ್ತಿಗೆ ಒಂದೋ ಎರಡೋ ತಂತಿಗಳು ಮಾತ್ರ ಬಿಗಿಯಾಗುತ್ತವೆ, ಇಲ್ಲವೆ ಸಡಿಲಾಗುತ್ತವೆ. ಉಳಿದ ಸ್ವರಗಳು ನಿಂತಲ್ಲೇ ನಿಂತಿರುವಾಗ ಒಂದು ಮಾತ್ರ ಮೆಲ್ಲಗೆ ಮೇಲಕ್ಕೆ ತೇಲುತ್ತದೆ. ಹೊಲಿಗೆಯಂತ್ರ ತುಳಿಯುತ್ತ ವೀಣೆ ನುಡಿಸಿದಂತೆ ಎಂದರೆ ಉತ್ಪ್ರೇಕ್ಷೆಯಾಗಲಾರದು.

ಇದರ ತವರು ಹವಾಯಿ ದ್ವೀಪ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜೋಸೆಫ್ ಕೆಕುಕು ಎಂಬ ಹುಡುಗ ಗಿಟಾರನ್ನು ತೊಡೆಯ ಮೇಲೆ ಮಲಗಿಸಿ ಉಕ್ಕಿನ ತುಂಡಿನಿಂದ ನುಡಿಸತೊಡಗಿದನೆಂದು ಹೇಳುತ್ತಾರೆ. ಆ ಹವಾಯಿ ಗಿಟಾರಿನ ಒಂದು ಕವಲು ನಮ್ಮ ದೇಶಕ್ಕೂ ಬಂತು. ಬ್ರಿಜ್‌ಭೂಷಣ ಕಾಬ್ರಾ ಅದರಲ್ಲಿ ಹಿಂದೂಸ್ತಾನಿ ರಾಗಗಳನ್ನು ನುಡಿಸಿದರು. ವಿಶ್ವಮೋಹನ ಭಟ್ಟರು ಅದನ್ನು ಮೋಹನವೀಣೆಯಾಗಿಸಿ ೧೯೯೪ರಲ್ಲಿ ಗ್ರ್ಯಾಮಿ ಪ್ರಶಸ್ತಿ ಪಡೆದರು. ಅಮೆರಿಕದಲ್ಲೇ ಉಳಿದ ಕವಲಿಗೆ ಪೆಡಲುಗಳು ಸೇರಿಕೊಂಡವು. ೧೯೫೪ರಲ್ಲಿ ಜನಪ್ರಿಯವಾದ ವೆಬ್ ಪಿಯರ್ಸ್‌ರ 'ಸ್ಲೋಲಿ' ಎಂಬ ಹಾಡಿನಲ್ಲಿ ಬಡ್ ಐಸಾಕ್ಸ್ ಪೆಡಲ್ ಒತ್ತಿ ಸ್ವರ ಜಾರಿಸಿದ್ದೇ ತಡ, ಆ ಸದ್ದಿಲ್ಲದ ಹಳ್ಳಿಹಾಡೇ ಇಲ್ಲವೆಂಬಂತಾಯಿತು.

ಇನ್ನು ಬಲಪಾದದ ಕೆಲಸ. ಅದರಡಿ ವಾಲ್ಯೂಮ್ ಪೆಡಲ್ ಇರುತ್ತದೆ. ಅದಿರುವುದು ಗದ್ದಲ ಹೆಚ್ಚಿಸಲಿಕ್ಕಲ್ಲ. ಮೀಟಿದ ತಂತಿಯ ನಾದ ಮೀಟಿದ ಕ್ಷಣದಿಂದಲೇ ಸಾಯತೊಡಗುತ್ತದೆ. ಅದು ಕುಗ್ಗಿದಷ್ಟೂ ಪಾದ ಕೂದಲೆಳೆಯಷ್ಟು ಮುಂದೊತ್ತುತ್ತದೆ. ಕೇಳುವವರಿಗೆ ಪಿಟೀಲಿನ ಕಮಾನು ಎಳೆದಂತೆ ನಾದ ನಿಂತೇ ಇರುತ್ತದೆ. ಇದು ನಡೆಯಬೇಕಾದರೆ ಆಂಪ್ಲಿಫೈಯರಿನಲ್ಲಿ ಶಕ್ತಿ ಧಾರಾಳವಾಗಿ ಮಿಕ್ಕಿರಬೇಕು. ರಾಕ್ ಗಿಟಾರಿನವರಿಗೆ ಒಡೆದ ಧ್ವನಿಯೇ ಪ್ರೀತಿ. ಸ್ಟೀಲಿನವರಿಗೆ ಒಂದು ಬಿರುಕೂ ಸಲ್ಲದು. ೨೦೦ ವಾಟ್, ೧೫ ಇಂಚಿನ ಸ್ಪೀಕರ್ ಎಂದು ಅವರು ಹೆಣಭಾರದ ಪೆಟ್ಟಿಗೆಗಳ ಹಿಂದೆ ಬಿದ್ದದ್ದು ಸುಮ್ಮನೆ ಅಲ್ಲ.

ಮೊಮ್ಮಗಳು ತಂದದ್ದು ದಪ್ಪ ನಿಘಂಟಿನಷ್ಟು ಗಾತ್ರದ ಡಿಜಿಟಲ್ ಮಾಡೆಲರ್. ಇಂಥವು ತೀರಾ ಹೊಸತೇನಲ್ಲ. ಲೈನ್ ೬ ಕಂಪನಿಯ 'ಪಾಡ್' ೧೯೯೮ರಲ್ಲೇ ಬಂದಿತ್ತು. ೨೦೧೧ರಲ್ಲಿ ಬಂದ ಕೆಂಪರ್ ಯಂತ್ರ ಎದುರಿಗಿಟ್ಟ ಆಂಪ್ಲಿಫೈಯರಿನ ಗುಣವನ್ನು ತಾನೇ ಅಳೆದುಕೊಳ್ಳುತ್ತದೆ. ತಂತಿಯಿಂದ ಬರುವ ವಿದ್ಯುತ್ತಿನ ಏರಿಳಿತವನ್ನು ಸೆಕೆಂಡಿಗೆ ೪೮,೦೦೦ ಸಲ ಅಳೆದು ಅಂಕಿಗಳಾಗಿ ಮಾಡುವುದು. ವಾಲ್ವು, ಟ್ರಾನ್ಸ್‌ಫಾರ್ಮರ್, ಸ್ಪೀಕರುಗಳು ಆ ಏರಿಳಿತವನ್ನು ಹೇಗೆ ಬದಲಿಸುತ್ತಿದ್ದವೋ ಹಾಗೆಯೇ ಅಂಕಿಗಳನ್ನು ಲೆಕ್ಕಹಾಕಿ ಬದಲಿಸುವುದು. ಮತ್ತೆ ವಿದ್ಯುತ್ತಾಗಿಸಿ ಹೊರಬಿಡುವುದು. ಇಷ್ಟೇ ಉಪಾಯ. ತಂಬೂರಿಯ ಜಾಗಕ್ಕೆ ಎಲೆಕ್ಟ್ರಾನಿಕ್ ತಂಬೂರಿ ಬಂದಾಗ ನಮ್ಮ ಸಂಗೀತಗಾರರ ಮನೆಗಳಲ್ಲಿ ಎದ್ದ ಮಾತುಗಳನ್ನು ಬಲ್ಲವರಿಗೆ ಅಜ್ಜನ ಮುಖ ಹೇಗಿತ್ತೆಂದು ಬಿಡಿಸಿ ಹೇಳಬೇಕಿಲ್ಲ. ಆದರೂ ಒಪ್ಪಿಕೊಂಡರು.

ಮೊದಲ ಶನಿವಾರ ಎಡವಟ್ಟಾಯಿತು. ನಿಧಾನಗತಿಯ ಹಾಡು ಮುಗಿಯುತ್ತಿತ್ತು. ಕೊನೆಯ ಸ್ವರವನ್ನು ಅಜ್ಜ ಪಾದದಿಂದ ಎತ್ತಿ ಹಿಡಿದಿದ್ದಾರೆ, ಯಾರೋ ದೀಪ ಆರಿಸಿದಂತೆ ಸ್ವರ ಫಕ್ಕನೆ ಮಾಯ. ಪಕ್ಕದ ವಾದಕ ತಿರುಗಿ ನೋಡಿದ. ಮುಂದಿನ ಹಾಡು ವೇಗದ್ದು. ಅದರಲ್ಲಿ ಗಟ್ಟಿಯಾಗಿ ಮೀಟಿದಾಗಲೆಲ್ಲ ಒಗ್ಗರಣೆಯಲ್ಲಿ ಸಾಸಿವೆ ಸಿಡಿದಂಥ ಸದ್ದು. ಮಕ್ಕಳು ತಂದ ಯಂತ್ರ ಕೈಕೊಟ್ಟರೆ ಹಿರಿಯರಿಗೆ ಒಳಗೊಳಗೇ ಒಂದು ಸಮಾಧಾನವಾಗುವುದುಂಟು. ಈ ಅಜ್ಜನಿಗೆ ಆಗಲಿಲ್ಲ. ಅವರಿಗೆ ಉಳಿದಿದ್ದ ದಾರಿ ಅದೊಂದೇ.

"ಅಂಗಡಿಗೆ ವಾಪಸು ಕೊಟ್ಟುಬಿಡು ಮಗೂ."

"ಅಜ್ಜ, ಇದರಲ್ಲಿರೋದು ನಿನ್ನ ಟ್ವಿನ್ ಲೆಕ್ಕವೇ. ತಪ್ಪೋಕೆ ಸಾಧ್ಯವೇ ಇಲ್ಲ."

"ಲೆಕ್ಕ ಸರಿಯೇ ಇರಬಹುದು. ನನ್ನ ಕಾಲು ಏನು ಮಾಡುತ್ತೆ ಅಂತ ಯಾವತ್ತಾದರೂ ನೋಡಿದ್ದೀಯಾ?"

ಆಕೆ ನೋಡಿರಲಿಲ್ಲ. ಆ ಮನೆಯಲ್ಲೇ ಓಡಾಡಿ ಬೆಳೆದ ಹುಡುಗಿ. ಪೆಟ್ಟಿಗೆಯ ಧ್ವನಿಯನ್ನು ಅಣಿಗೊಳಿಸಿದ್ದು ತನ್ನ ಮಾಮೂಲಿ ಗಿಟಾರ್ ನುಡಿಸಿಕೊಂಡು, ಗಿಟಾರಿನ ಗೆಳೆಯರು ಹೇಳಿಕೊಟ್ಟಂತೆ. ಮರುದಿನ ನೆಲದ ಮೇಲೆ ಕುಳಿತು ಎರಡು ಗಂಟೆ ಅಜ್ಜನ ಬಲಗಾಲಿನ ಬೂಟನ್ನೇ ನೋಡಿದಳು. ಪೆಡಲನ್ನು ಅರ್ಧ ಮಾತ್ರ ಒತ್ತಿಟ್ಟು ಅವರು ತಂತಿ ಮೀಟುತ್ತಿದ್ದರು. ಉಳಿದರ್ಧ ಕೂಡಿಟ್ಟ ಹಣದಂತೆ. ನಾದ ಕುಗ್ಗಿದಂತೆಲ್ಲ ಸ್ವಲ್ಪಸ್ವಲ್ಪವೇ ಖರ್ಚು.

ತಪ್ಪು ಆಗ ತಿಳಿಯಿತು. ವಾಲ್ಯೂಮ್ ಪೆಡಲನ್ನು ಆಕೆ ಪೆಟ್ಟಿಗೆಯ ಲೆಕ್ಕಾಚಾರ ಮುಗಿದ ಮೇಲಿನ ಹಂತಕ್ಕೆ ಜೋಡಿಸಿದ್ದಳು. ಹಾಗಾಗಿ ಗಟ್ಟಿಯಾಗಿ ಮೀಟಿದ್ದೆಲ್ಲ ಪಾದದ ಅಂಕೆಯಿಲ್ಲದೆ ನೇರವಾಗಿ ಒಳನುಗ್ಗಿ ಅಳತೆ ಮೀರುತ್ತಿತ್ತು. ಅಂಕಿಯ ಲೋಕದಲ್ಲಿ ಅಳತೆ ಮೀರಿದ್ದಕ್ಕೆ ಕ್ಷಮೆಯಿಲ್ಲ, ಅಲೆಯ ತಲೆ ಕತ್ತರಿಸಿಹೋಗುತ್ತದೆ. ಅದೇ ಆ ಸಾಸಿವೆ. ಜೊತೆಗೆ ಪೆಟ್ಟಿಗೆಯ ಬಾಗಿಲಲ್ಲೇ ನಾಯ್ಸ್ ಗೇಟ್ ಎಂಬ ಕಾವಲುಗಾರ. ಬರುವ ಸದ್ದು ತೀರ ಸಣ್ಣದಾದರೆ ಬೇಡದ ಗುಂಯ್ ಎಂಬ ಸದ್ದೆಂದು ತಿಳಿದು ಕದ ಮುಚ್ಚುವುದು ಅದರ ಕೆಲಸ. ಒಡಕು ಧ್ವನಿಯ ಗಿಟಾರಿಗೆ ಅದು ಬೇಕು. ಇಲ್ಲಿ ಅದು ಮುಚ್ಚಿದ್ದು ಅಜ್ಜ ಜೀವ ಹಿಡಿದು ನಿಲ್ಲಿಸಿದ್ದ ಸ್ವರದ ಮೇಲೆ. ಆಕೆ ಗೇಟನ್ನು ತೆಗೆದುಹಾಕಿದಳು, ಪೆಡಲನ್ನು ಪೆಟ್ಟಿಗೆಗಿಂತ ಮೊದಲೇ ಜೋಡಿಸಿದಳು, ಒಳಬರುವ ಮಟ್ಟವನ್ನು ತಗ್ಗಿಸಿದಳು.

"ಈಗ ಪರವಾಗಿಲ್ಲ, ಆದರೆ ಸದ್ದು ತಡವಾಗಿ ಬರುತ್ತೆ" ಎಂದರು ಅಜ್ಜ. ಆಕೆ ಕಾಗದ ಪೆನ್ಸಿಲ್ ತಂದಳು. ಪೆಟ್ಟಿಗೆ ಲೆಕ್ಕಕ್ಕೆ ತೆಗೆದುಕೊಳ್ಳುವುದು ಸುಮಾರು ೩ ಮಿಲಿಸೆಕೆಂಡ್. ಗಾಳಿಯಲ್ಲಿ ಸದ್ದು ಒಂದು ಮಿಲಿಸೆಕೆಂಡಿಗೆ ಸುಮಾರು ೩೪ ಸೆಂಟಿಮೀಟರ್ ಚಲಿಸುತ್ತದೆ. ಎರಡು ಮೀಟರ್ ಹಿಂದೆ ಇರುತ್ತಿದ್ದ ಟ್ವಿನ್‌ನ ಸದ್ದು ಕಿವಿ ತಲುಪಲು ೬ ಮಿಲಿಸೆಕೆಂಡ್ ಬೇಕಾಗುತ್ತಿತ್ತು. ಹೊಸ ಸದ್ದು ಇಯರ್‌ಫೋನಿನಲ್ಲಿ ಮೊದಲೇ ಬರುತ್ತಿತ್ತು! ಅಜ್ಜ ಕಾಗದವನ್ನು ನೋಡಿ ನಕ್ಕರು. ಆದರೂ ಏನೋ ಕಡಿಮೆ ಎಂದರು. ಕಡಿಮೆಯಾಗಿದ್ದು ನಿಜವೇ. ಸ್ಪೀಕರು ನೂಕುವ ಗಾಳಿ ಬೆನ್ನಿಗೆ ತಗಲುತ್ತಿರಲಿಲ್ಲ. ಹಗುರವಾದ ಒಂದು ಸ್ಪೀಕರನ್ನು ಹಿಂದೆ, ಟ್ವಿನ್ ಇರುತ್ತಿದ್ದ ದೂರದಲ್ಲೇ ಇಟ್ಟಳು. ಅಜ್ಜ ಇಯರ್‌ಫೋನ್ ಕಿತ್ತಿಟ್ಟರು.

ಕೊನೆಗೊಂದು ಪರೀಕ್ಷೆ. ತಂತಿಯ ಹಸಿ ಸದ್ದನ್ನು ಪೆಡಲಿನ ನಂತರ ಮುದ್ರಿಸಿಕೊಂಡು, ಅದನ್ನೇ ಒಮ್ಮೆ ಟ್ವಿನ್‌ಗೆ, ಒಮ್ಮೆ ಪೆಟ್ಟಿಗೆಗೆ ಕೊಟ್ಟು, ಯಾವುದೆಂದು ಹೇಳದೆ ನಾಲ್ಕು ಸಲ ಕೇಳಿಸಿದಳು. ಅಜ್ಜ ಬೆನ್ನು ತಿರುಗಿಸಿ ಕುಳಿತಿದ್ದರು. ಎರಡು ಸಲ ಸರಿಯಾಗಿ ಹೇಳಿದರು, ಎರಡು ಸಲ ತಪ್ಪಿದರು. ಆಕೆ ಚಪ್ಪಾಳೆ ತಟ್ಟುವಷ್ಟರಲ್ಲಿ ಅವರು ಕೈಯೆತ್ತಿ ತಡೆದರು.

"ಅದಿರಲಿ. ನಾಲ್ಕು ಸಲವೂ ಮೂರನೆಯ ಸಾಲಿನ ಮೇಲಿನ ಸ್ವರ ಒಂದಿಷ್ಟು ಕೆಳಗಿದೆ. ಗುಂಡು ಪೂರ್ತಿ ತಲುಪಿಲ್ಲ. ಅದು ನನ್ನ ತಪ್ಪು."

ಆ ಸಂಜೆಯೆಲ್ಲ ಅವರು ಆ ಒಂದು ಜಾರಿನ ಮೇಲೇ ಕುಳಿತಿದ್ದರು.

ಶನಿವಾರಗಳು ಮತ್ತೆ ಶುರುವಾಗಿವೆ. ಟ್ವಿನ್ ಮೇಲಿನ ಚಾದರ ತೆಗೆದಾಗಿದೆ. ಮನೆಯ ಅಭ್ಯಾಸಕ್ಕೆ ಈಗಲೂ ಅದೇ. ಮಾಡೆಲರನ್ನು ಅಜ್ಜ ತಾವೇ ಒಂದು ಕೈಚೀಲದಲ್ಲಿ ಹಿಡಿದು ಹೊರಡುತ್ತಾರೆ. ವಾದ್ಯದ ಪೆಟ್ಟಿಗೆಯ ತೂಕ ಹತ್ತು ಕಿಲೋ ದಾಟುತ್ತದಾದ್ದರಿಂದ ಅದನ್ನು ಕಾರಿಗೆ ಏರಿಸಿ ಇಳಿಸುವುದು ಮೊಮ್ಮಗಳ ಪಾಲಿನ ಕೆಲಸ.