ಕೈಗಾದ ಕಾಡಿನಲ್ಲಿ ಒಂದು ದಿನ

ಕಾರವಾರದಿಂದ ಕಾಳೀನದಿಯ ದಂಡೆಗುಂಟ ಮೂಡಣಕ್ಕೆ ಹೊರಟ ದಾರಿಯು ಮಲ್ಲಾಪುರ, ಕದ್ರಾಗಳ ನೆರೆಯಲ್ಲಿ ಹಾದು ಕೈಗಾವನ್ನು ಸೇರುವುದು. ಅಲ್ಲಿಂದ ಮುಂದೆ ಘಟ್ಟವನ್ನೇರಿ ಯಲ್ಲಾಪುರದ ಮೇಲಿಂದ ದೂರದ ಇಳಕಲ್ಲಿನವರೆಗೂ ಹೋಗುವುದು. ಕೈಗಾ ಎಂದೊಡನೆ ಎಲ್ಲರಿಗೂ ನೆನಪಾಗುವುದು ಅಣುವಿದ್ಯುತ್ ಸ್ಥಾವರ. ತಲಾ 220 ಮೆಗಾವಾಟಿನ ನಾಲ್ಕು ಘಟಕಗಳು ಅಲ್ಲಿವೆ. ಅವುಗಳಲ್ಲಿ ಒಂದನೆಯದು 962 ದಿನ ಎಡೆಬಿಡದೆ ನಡೆದು, 2018ರ ಡಿಸೆಂಬರದಲ್ಲಿ ಅಂದಿನ ಮಟ್ಟಿಗೆ ಲೋಕದಾಖಲೆಯನ್ನೇ ಸ್ಥಾಪಿಸಿತು. ಯಂತ್ರದ ಮಾತು ಹೀಗಾಯಿತು. ಮನುಷ್ಯನ ಕಾಲಾದರೋ ಒಂದು ಹೆಜ್ಜೆ ತಪ್ಪಿದರೆ ನಿಂತುಬಿಡುತ್ತದೆ. ಇದು ನಮಗೆ ಮನವರಿಕೆಯಾದ ಒಂದು ದಿನದ ವೃತ್ತಾಂತವನ್ನು ವಾಚಕರ ಮುಂದಿಡುತ್ತೇನೆ.

ಮಾರ್ಗಶಿರದ ಒಂದು ಮುಂಜಾವು. ಅಂಕೋಲೆಯ ನಾವು ಏಳು ಜನ ಗೆಳೆಯರು ಅರಣ್ಯ ಇಲಾಖೆಯ ಅಪ್ಪಣೆ ಪಡೆದು, ಒಬ್ಬ ಕಾವಲುಗಾರನನ್ನೂ ದಾರಿ ಬಲ್ಲ ಒಬ್ಬ ಕುಣಬಿ ಅಜ್ಜನನ್ನೂ ಕೂಡಿಕೊಂಡು ಬೆಟ್ಟವನ್ನೇರತೊಡಗಿದೆವು. ಮರಗಳ ನೆತ್ತಿಯಲ್ಲಿ ಮಂಗಟ್ಟೆ ಹಕ್ಕಿಗಳು ರೆಕ್ಕೆಯ ಸಪ್ಪಳ ಮಾಡುತ್ತ ಹಾರಿಹೋದವು. ಕೆಳಗೆ ಕಾಳಿಯ ನೀರು ಮಂಜಿನೊಳಗಿಂದ ಆಗೊಮ್ಮೆ ಈಗೊಮ್ಮೆ ಹೊಳೆಯುತ್ತಿತ್ತು. ಮಧ್ಯಾಹ್ನದೊಳಗೆ ಶಿಖರವನ್ನು ಮುಟ್ಟಬೇಕೆಂಬ ಹಟ ನನಗಿತ್ತು. ಹಿಂದುಳಿದವರನ್ನು ನಾನೇ ಅವಸರಪಡಿಸುತ್ತಿದ್ದೆ.

ಒಂದು ಹಳ್ಳವನ್ನು ದಾಟುವಾಗ ನಮ್ಮ ಗೆಳೆಯರಾದ ಶಾಲೆಯ ಮಾಸ್ತರರು ಪಾಚಿಗಟ್ಟಿದ ಕಲ್ಲಿನ ಮೇಲೆ ಕಾಲಿಟ್ಟು ಜಾರಿದರು. ಎದ್ದು ನಕ್ಕು, "ಏನೂ ಆಗಿಲ್ಲ, ನಡೆಯಿರಿ" ಎಂದರು. ಅವರು ಹಾಗೆಂದುದು ನಮ್ಮ ಸಂತೋಷಕ್ಕೆ ಭಂಗ ಬರಬಾರದೆಂದು. ಎರಡು ಹೆಜ್ಜೆ ಇಟ್ಟವರೇ ಮುಖ ಬಿಳಿಚಿ ಕುಳಿತರು. ಹರಡು ಕ್ಷಣಮಾತ್ರದಲ್ಲಿ ಊದಿಕೊಂಡಿತು. ಉಳುಕಿರಬೇಕು, ಒಮ್ಮೆ ಎಳೆದು ಎಣ್ಣೆ ತಿಕ್ಕಿದರೆ ಸರಿಹೋದೀತೆಂದು ನಾನು ಅವರ ಪಾದಕ್ಕೆ ಕೈಹಾಕಿದೆ. ಅಜ್ಜ ನನ್ನ ಕೈಯನ್ನು ಹಿಡಿದು, "ಬ್ಯಾಡ ತಮಾ, ಎಳೀಬ್ಯಾಡ. ಮೊದಲು ಕೂತ್ಕೊ" ಎಂದನು.

ಅಜ್ಜನ ಮಾತು ವೈದ್ಯಶಾಸ್ತ್ರಕ್ಕೂ ಒಪ್ಪುವಂಥದೇ. ಕೆನಡಾ ದೇಶದ ಒಟಾವಾ ನಗರದ ವೈದ್ಯರು 1992ರಲ್ಲಿ ಒಂದು ಸುಲಭ ಸೂತ್ರವನ್ನು ಪ್ರಕಟಿಸಿದರು. ಹರಡಿಗೆ ಪೆಟ್ಟಾದವನು ಆ ಕಾಲನ್ನೂರಿ ನಾಲ್ಕು ಹೆಜ್ಜೆ ನಡೆಯಲಾರದೆ ಹೋದರೆ, ಇಲ್ಲವೆ ಹರಡಿನ ಗಂಟಿನ ತುದಿಯನ್ನಾಗಲಿ ಹಿಂಬದಿಯನ್ನಾಗಲಿ ಒತ್ತಿದಾಗ ಎಲುಬೇ ನೊಂದರೆ, ಕ್ಷ-ಕಿರಣದ ಪರೀಕ್ಷೆ ಆಗಲೇಬೇಕು. ಅಲ್ಲಿಯವರೆಗೆ ಎಲುಬು ಮುರಿದಿದೆಯೆಂದೇ ತಿಳಿದು ನಡೆದುಕೊಳ್ಳುವುದು ಕ್ಷೇಮ. ಮುರಿದ ಎಲುಬನ್ನು ಎಳೆದು ತಿಕ್ಕಿದರೆ ಅದರ ಚೂಪಾದ ಅಂಚು ನರವನ್ನೋ ರಕ್ತನಾಳವನ್ನೋ ಕೊಯ್ಯಬಹುದು.

ಬೂಟಿನ ದಾರವನ್ನು ಸಡಿಲಿಸಿದೆವು. ಕಾಲು ಇದ್ದಂತೆಯೇ ಇರಗೊಟ್ಟು, ಪಂಚೆಯ ಮೆತ್ತೆಯಿಟ್ಟು, ಮೊಣಕಾಲಿನ ಕೆಳಗಿನಿಂದ ಹಿಮ್ಮಡಿಯವರೆಗೆ ಎರಡೂ ಮಗ್ಗುಲಿಗೆ ಬಿದಿರ ದಬ್ಬೆಗಳನ್ನು ಕಟ್ಟಿದೆವು. ಬೆರಳುಗಳನ್ನು ಮಾತ್ರ ಮುಚ್ಚಲಿಲ್ಲ. ಉಗುರನ್ನು ಒತ್ತಿ ಬಿಟ್ಟಾಗ ಕೆಂಪು ಬೇಗನೆ ಮರಳುತ್ತದೆಯೇ, ಬೆರಳು ಬೆಚ್ಚಗಿದೆಯೇ ಎಂದು ಮತ್ತೆ ಮತ್ತೆ ನೋಡಬೇಕು. ತಣ್ಣಗಾದರೆ ಇಲ್ಲವೆ ಜೋಮು ಹಿಡಿದರೆ ಕಟ್ಟು ಬಿಗಿಯಾಯಿತೆಂದು ತಿಳಿದು ಸಡಿಲಿಸಬೇಕು.

ಆಗ ನಮ್ಮಲ್ಲೊಂದು ಭಿನ್ನಾಭಿಪ್ರಾಯವು ಹುಟ್ಟಿತು. ಇಬ್ಬರು ಇಲ್ಲಿ ಕಾಯಲಿ, ಉಳಿದವರು ಶಿಖರವನ್ನು ಕಂಡು ಬರೋಣವೆಂದು ಒಬ್ಬರೆಂದರು. ನಾನೂ ಒಂದು ಗಳಿಗೆ ಮೌನದಿಂದಿದ್ದೆನೆಂಬುದನ್ನು ನಾಚಿಕೆಯಿಂದಲೇ ಬರೆಯುತ್ತೇನೆ. ಕಾವಲುಗಾರನು ಸೂರ್ಯನನ್ನು ತೋರಿಸಿ, ಕತ್ತಲಾದ ಮೇಲೆ ಕಾಡುಕೋಣಗಳು ಹಳ್ಳಕ್ಕಿಳಿಯುವುವೆಂದನು. ಅಲ್ಲಿಗೆ ಚರ್ಚೆ ಮುಗಿಯಿತು.

ಆ ಕಣಿವೆಯಲ್ಲಿ ಮೊಬೈಲು ಮಾತಾಡಲಿಲ್ಲ. ನಾವಿದ್ದ ಸ್ಥಳ, ಪೆಟ್ಟಿನ ಬಗೆ, ಬಿದ್ದ ವೇಳೆ, ಇವಿಷ್ಟನ್ನೂ ಚೀಟಿಯಲ್ಲಿ ಬರೆದು ಇಬ್ಬರನ್ನು ಡಾಂಬರು ರಸ್ತೆಗೆ ಕಳುಹಿದೆವು. ಒಬ್ಬನನ್ನೇ ಕಳುಹಿದರೆ ಅವನೂ ದಾರಿತಪ್ಪಿದಾಗ ಕೇಳುವವರಾರು? ಅವರು ಅಲ್ಲಿಂದ 108ಕ್ಕೆ ಕರೆಮಾಡಬೇಕೆಂದು ಗೊತ್ತಾಯಿತು. 2008ರಲ್ಲಿ ಆರಂಭವಾದ ಈ 'ಆರೋಗ್ಯ ಕವಚ'ದ ವಾಹನವು ರಸ್ತೆಯವರೆಗೆ ಬಂದೀತು. ರಸ್ತೆಯವರೆಗಿನ ದಾರಿಯನ್ನು ಮಾತ್ರ ನಾವೇ ಸವೆಸಬೇಕು.

ಅಷ್ಟರಲ್ಲಿ ಅಜ್ಜನು ಹತ್ತಿರದ ಮಜಿರೆಯಿಂದ ನಾಲ್ವರು ತರುಣರನ್ನೂ ಗಟ್ಟಿಯಾದ ಒಂದು ಬೊಂಬನ್ನೂ ಕಂಬಳಿಯನ್ನೂ ತಂದನು. ರಸ್ತೆಯಿಲ್ಲದ ಘಟ್ಟದ ಹಳ್ಳಿಗಳಲ್ಲಿ ಬಾಣಂತಿಯರನ್ನೂ ಬೇನೆಯವರನ್ನೂ ಹೀಗೆಯೇ ಜೋಲಿಯಲ್ಲಿ ಹೊತ್ತು ತರುವುದು ಇಂದಿಗೂ ಉಂಟು. ನಮಗೆ ಒಂದು ದಿನದ ಸಾಹಸವಾದದ್ದು ಅವರ ಬಾಳಿನ ವಾಡಿಕೆ! ಜೋಲಿ ಕಟ್ಟಿದ ಮೇಲೆ ಗಟ್ಟಿಮುಟ್ಟಾದ ತರುಣನೊಬ್ಬನನ್ನು ಮೊದಲು ಅದರಲ್ಲಿ ಮಲಗಿಸಿ ಎತ್ತಿ ಪರೀಕ್ಷಿಸಿದರು. ಬಳಿಕವೇ ಮಾಸ್ತರರ ಸರದಿ. ಇನ್ನೂರು ಹೆಜ್ಜೆಗೊಮ್ಮೆ ಹೆಗಲು ಬದಲಿಸುತ್ತ, ಮುಂದಿನವನು ಕಲ್ಲು-ಬೇರುಗಳನ್ನು ಕೂಗಿ ತಿಳಿಸುತ್ತ ನಡೆದೆವು. ಮೂರು ಕಿಲೋಮೀಟರಿನ ಆ ಇಳಿಜಾರಿಗೆ ಎರಡೂವರೆ ತಾಸು ಹಿಡಿಯಿತು. ಮಾಸ್ತರರು ದಾರಿಯುದ್ದಕ್ಕೂ ನಮ್ಮಲ್ಲಿ ಕ್ಷಮೆ ಬೇಡುತ್ತಿದ್ದರು. ಬೇಡಬೇಕಾದವನು ನಾನಾಗಿದ್ದೆ.

ಹೊತ್ತು ಮುಳುಗುವಾಗ ರಸ್ತೆ ಸೇರಿದೆವು. ವಾಹನವು ಕಾದಿತ್ತು. ಕಾರವಾರದಲ್ಲಿ ಕ್ಷ-ಕಿರಣದ ಚಿತ್ರ ತೆಗೆದಾಗ ಹರಡಿನ ಹೊರಗಂಟಿನ ಎಲುಬು ಬಿರುಕು ಬಿಟ್ಟದ್ದು ಗೊತ್ತಾಯಿತು. ಎಲುಬಿನ ತುಂಡುಗಳು ಸ್ಥಾನ ತಪ್ಪಿರಲಿಲ್ಲವಾದ್ದರಿಂದ ಆರು ವಾರದ ಕಟ್ಟಿನಲ್ಲಿ ವಾಸಿಯಾಯಿತು. ಪೆಟ್ಟು ಇನ್ನೂ ದೊಡ್ಡದಾಗಿದ್ದರೆ ಮಣಿಪಾಲಕ್ಕೋ ಹುಬ್ಬಳ್ಳಿಗೋ ಗೋವೆಗೋ ಒಯ್ಯಬೇಕಾಗುತ್ತಿತ್ತು. ಈ ಜಿಲ್ಲೆಯ ಜನರು 2022ರಲ್ಲಿ ತಮಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂದು ಒಕ್ಕೊರಲಿನಿಂದ ಕೇಳಿದ್ದರ ಅರ್ಥವು ಜೋಲಿಗೆ ಹೆಗಲು ಕೊಟ್ಟ ಮೇಲೆಯೇ ನನಗೆ ಪೂರ್ತಿಯಾಗಿ ತಿಳಿಯಿತು.

ಮಕ್ಕಳುಮರಿಗಳೊಡನೆ ಕಾಡಿಗೆ ಹೋಗುವ ಗೃಹಸ್ಥರು ಬುತ್ತಿಯ ಜೊತೆಗೆ ಅಗಲವಾದ ಪಟ್ಟಿ, ಒಂದು ಹೊದಿಕೆ, ಸೀಟಿ, ಬ್ಯಾಟರಿ ಇವುಗಳನ್ನೂ ಇಟ್ಟುಕೊಳ್ಳಲಿ. ತಂಡದ ಹಿರಿಯನು ಎಲ್ಲರಿಗಿಂತ ಹಿಂದೆ ನಡೆಯಲಿ. ನೋವಾದವರು ಸಂಕೋಚಪಡದೆ ಹೇಳುವಂತಿರಲಿ.

ಕಂಬಳಿಯನ್ನು ಹಿಂದಿರುಗಿಸಲು ನಾನೂ ಮಾಸ್ತರರೂ ಮಾಘದಲ್ಲಿ ಮತ್ತೆ ಕೈಗಾಕ್ಕೆ ಹೋದೆವು. ಅಜ್ಜನು ಮಾಸ್ತರರನ್ನು ಅಂಗಳದಲ್ಲಿ ಆಚೆಗೊಮ್ಮೆ ಈಚೆಗೊಮ್ಮೆ ನಡೆಸಿ ನೋಡಿ, "ಅಡ್ಡಿಲ್ಲ" ಎಂದು ನಕ್ಕನು. ಶಿಖರದ ಮಾತನ್ನು ಆ ದಿನ ಯಾರೂ ಎತ್ತಲಿಲ್ಲ.